ಟಿಕೆಟ್ ಕೊಂಡು ನೋಡಿದ ಶವಗಳು: ಅಮೆರಿಕದ ಮಮ್ಮಿ ವ್ಯಾಪಾರದ ಸುಳ್ಳು-ನಿಜ

ಹತ್ತೊಂಬತ್ತನೆಯ ಶತಮಾನದ ಅಮೆರಿಕದವರು ಈಜಿಪ್ಟಿನ ಮಮ್ಮಿಗಳನ್ನು ಏನೆಲ್ಲ ಮಾಡಿದರು ಎಂಬ ಕಥೆಗಳಿಗೆ ಬರವಿಲ್ಲ. ಬಟ್ಟೆ ಬಿಚ್ಚಿ ಕಾಗದ ಮಾಡಿದರಂತೆ, ಊಟವಾದ ಮೇಲೆ ಅತಿಥಿಗಳ ಮುಂದೆ ಮಮ್ಮಿ ಬಿಚ್ಚಿದರಂತೆ, ಈಜಿಪ್ಟಿನಲ್ಲಂತೂ ರೈಲಿನ ಬಾಯ್ಲರಿಗೇ ಹಾಕುತ್ತಿದ್ದರಂತೆ. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಕಟ್ಟುಕಥೆಗಳು ಇಷ್ಟು ಜೋರಾಗಿ ಓಡಾಡುವುದರಿಂದ ದಾಖಲೆಯಿರುವ ಸಂಗತಿಗಳತ್ತ ಯಾರೂ ತಿರುಗಿ ನೋಡುವುದಿಲ್ಲ. ಸತ್ತ ಮನುಷ್ಯರ ದೇಹಕ್ಕೆ ಬೆಲೆ ಕಟ್ಟಿದ್ದು, ನೋಡಲು ಟಿಕೆಟ್ ಇಟ್ಟಿದ್ದು, ಅವರ ತಲೆಬುರುಡೆಗಳನ್ನು ಗುಲಾಮಗಿರಿಯ ಸಮರ್ಥನೆಗೆ ಬಳಸಿದ್ದು, ಇವೆಲ್ಲ ನಡೆದ ಸಂಗತಿಗಳು.

ತಪ್ಪು ಕಲ್ಪನೆ: ಈಜಿಪ್ಟಿನ ರೈಲುಗಳಿಗೆ ಮಮ್ಮಿಗಳೇ ಸೌದೆಯಾಗಿದ್ದವು.

ವಾಸ್ತವ: ಇದು ಮಾರ್ಕ್ ಟ್ವೇನ್ ಮಾಡಿದ ತಮಾಷೆ. 1867ರಲ್ಲಿ ಆತ ಈಜಿಪ್ಟಿಗೆ ಹೋಗಿಬಂದ. 1869ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಈ ಮಾತನ್ನು ನಗಿಸಲೆಂದೇ ಸೇರಿಸಿದ. ಓದುಗರು ಅದನ್ನು ಸುದ್ದಿ ಎಂದುಕೊಂಡರು, ಆಮೇಲೆ ಬರೆದವರು ಒಬ್ಬರನ್ನು ನೋಡಿ ಇನ್ನೊಬ್ಬರು ನಕಲು ಮಾಡಿದರು. ಈಜಿಪ್ಟಿನ ರೈಲುಗಳು ಓಡುತ್ತಿದ್ದದ್ದು ಹಡಗಿನಲ್ಲಿ ಬಂದಿಳಿಯುತ್ತಿದ್ದ ಕಲ್ಲಿದ್ದಲಿನಿಂದ.

ತಪ್ಪು ಕಲ್ಪನೆ: ಅಮೆರಿಕದ ಗಿರಣಿಗಳು ಮಮ್ಮಿಯ ಬಟ್ಟೆಯಿಂದ ರಾಶಿಗಟ್ಟಲೆ ಕಾಗದ ಮಾಡಿದವು, ಅದರಿಂದ ಕಾಲರಾ ಹರಡಿತು.

ವಾಸ್ತವ: ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ಕಥೆಗೆ ಒಂದು ಗಟ್ಟಿ ಹಿನ್ನೆಲೆ ಇದೆ. ಮರದ ತಿರುಳಿನಿಂದ ಕಾಗದ ಮಾಡುವ ವಿಧಾನ ಬೇರೂರುವ ಮೊದಲು ಕಾಗದಕ್ಕೆ ಬೇಕಾಗಿದ್ದದ್ದು ಹತ್ತಿ ಮತ್ತು ನಾರುಬಟ್ಟೆಯ ಚಿಂದಿ. 1850ರ ದಶಕದಲ್ಲಿ ಅಮೆರಿಕದಲ್ಲಿ ಪತ್ರಿಕೆಗಳು ಹೆಚ್ಚಿದವು, ಪುಸ್ತಕಗಳು ಹೆಚ್ಚಿದವು, ಚಿಂದಿ ಮಾತ್ರ ಸಾಲದಾಯಿತು. ಹೊರದೇಶಗಳಿಂದ ಮೂಟೆಗಟ್ಟಲೆ ತರಿಸುತ್ತಿದ್ದರು. ಅಲೆಕ್ಸಾಂಡ್ರಿಯಾ ಬಂದರಿನಿಂದಲೂ ಚಿಂದಿ ಬರುತ್ತಿತ್ತು. 1855ರಲ್ಲಿ ಐಸಾಯಾ ಡೆಕ್ ಎಂಬಾತ ಮಮ್ಮಿಗಳ ಸುತ್ತುಬಟ್ಟೆಯನ್ನೇ ತರಿಸಿಕೊಂಡರೆ ಈ ಕೊರತೆ ನೀಗುತ್ತದೆ ಎಂದು ಲೆಕ್ಕ ಹಾಕಿ ಬರೆದ. ಒಂದೊಂದು ಮಮ್ಮಿಯ ಮೇಲೆ ಎಷ್ಟು ತೂಕದ ಬಟ್ಟೆ ಸಿಗುತ್ತದೆ ಎಂಬುದೂ ಆ ಲೆಕ್ಕದಲ್ಲಿತ್ತು. ಸಾವಿರಾರು ವರ್ಷಗಳ ಹಿಂದೆ ಮನೆಯವರು ತಮ್ಮವರ ದೇಹಕ್ಕೆ ಸುತ್ತಿಸಿದ ಬಟ್ಟೆಯನ್ನು ಆತ ಕಚ್ಚಾ ಸಾಮಗ್ರಿಯ ಲೆಕ್ಕದಲ್ಲಿ ಬರೆದಿಟ್ಟ. ಆದರೂ ಅದು ಕಾಗದದ ಮೇಲಿನ ಯೋಜನೆ. ಹಾಗೆಯೇ ನಡೆಯಿತು ಎನ್ನಲು ಅದೊಂದೇ ಸಾಕ್ಷಿಯಾಗದು.

ಮೇನ್ ರಾಜ್ಯದ ಕಾಗದ ತಯಾರಕ ಅಗಸ್ಟಸ್ ಸ್ಟ್ಯಾನ್‌ವುಡ್‌ನ ಕಥೆಯೇ ಹೆಚ್ಚು ಪ್ರಸಿದ್ಧ. ಮಮ್ಮಿಯ ಬಟ್ಟೆಯ ಬಣ್ಣ ಎಷ್ಟು ತೊಳೆದರೂ ಹೋಗದ ಕಾರಣ ಆತ ಕಂದು ಕಾಗದ ಮಾಡಿ ದಿನಸಿ ಅಂಗಡಿಗಳಿಗೂ ಮಾಂಸದಂಗಡಿಗಳಿಗೂ ಮಾರಿದ, ಚಿಂದಿ ಕತ್ತರಿಸುವ ಕೂಲಿಯವರಿಗೆ ಕಾಲರಾ ಬಂತು ಎಂಬುದು ಕಥೆ. ಇದನ್ನು ಕಾಗದದ ಇತಿಹಾಸಕಾರ ಡಾರ್ಡ್ ಹಂಟರ್ ತನ್ನ ಗ್ರಂಥದಲ್ಲಿ ದಾಖಲಿಸಿದ. ಆತನಿಗೆ ಹೇಳಿದ್ದು ಸ್ಟ್ಯಾನ್‌ವುಡ್‌ನ ಮಗ, ಅದೂ ಹಲವು ದಶಕಗಳ ನಂತರ, ನೆನಪಿನಿಂದ. ಕಾಲರಾದ ಮಾತಂತೂ ನಿಲ್ಲುವುದೇ ಇಲ್ಲ. ಆ ರೋಗ ಹರಡುವುದು ಮುಖ್ಯವಾಗಿ ಮಲಿನವಾದ ನೀರಿನಿಂದ. ಮರುಭೂಮಿಯ ಗೋರಿಯಲ್ಲಿ ಎರಡು ಮೂರು ಸಾವಿರ ವರ್ಷ ಒಣಗಿದ ಬಟ್ಟೆಯಲ್ಲಿ ಕಾಲರಾ ರೋಗಾಣು ಬದುಕಿ ಉಳಿಯುವುದಿಲ್ಲ.

ಹಾಗಾದರೆ ಎಲ್ಲವೂ ಬುರುಡೆಯೇ? ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1859ರಲ್ಲಿ ಕನೆಕ್ಟಿಕಟ್ ರಾಜ್ಯದ ನಾರ್ವಿಚ್ ಊರು ತನ್ನ ಇನ್ನೂರನೇ ವರ್ಷದ ಹಬ್ಬ ಆಚರಿಸಿತು. ಆಗ ಹಂಚಿದ ಸ್ತೋತ್ರಗೀತೆಯ ಹಾಳೆಯಲ್ಲಿ ಕಾಗದದ ಬಗ್ಗೆಯೇ ಒಂದು ಟಿಪ್ಪಣಿ ಅಚ್ಚಾಗಿದೆ. ಈ ಕಾಗದ ತಯಾರಿಸಿದ್ದು ಚೆಲ್ಸಿಯಾ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಇದರ ಸಾಮಗ್ರಿ ಈಜಿಪ್ಟಿನ ಪುರಾತನ ಗೋರಿಗಳಿಂದ ತೆಗೆದದ್ದು, ಶವಗಳನ್ನು ಕಾಪಿಡಲು ಬಳಸಿದ್ದು ಎಂದು ಅದು ಹೇಳುತ್ತದೆ. ಮಮ್ಮಿಗಳ ಅಮೆರಿಕದ ಇತಿಹಾಸವನ್ನು ವರ್ಷಗಟ್ಟಲೆ ಕೆದಕಿದ ಗ್ರಂಥಪಾಲಕಿ ಎಸ್. ಜೆ. ವುಲ್ಫ್ ಅವರು 2009ರ ತಮ್ಮ ಪುಸ್ತಕದಲ್ಲಿ ಇಂಥ ಸಾಕ್ಷಿಗಳನ್ನು ಒಟ್ಟುಗೂಡಿಸಿದ್ದಾರೆ. ನನ್ನ ತೀರ್ಮಾನ ಇಷ್ಟು: ಒಂದಷ್ಟು ಮಮ್ಮಿ ಬಟ್ಟೆ ಗಿರಣಿಗೆ ಬಿದ್ದಿರುವುದು ಸಾಧ್ಯ, ಬಹುಶಃ ನಿಜ. ಅದೊಂದು ದೊಡ್ಡ ಉದ್ಯಮವಾಗಿತ್ತು ಎನ್ನುವುದಕ್ಕೆ ಆಧಾರವಿಲ್ಲ. ಗಿರಣಿಯವರೇ ಹೆಮ್ಮೆಯಿಂದ ಅದನ್ನು ಹಾಳೆಯ ಮೇಲೆ ಅಚ್ಚು ಹಾಕಿಸಿದ್ದನ್ನು ಮಾತ್ರ ಮರೆಯಬಾರದು. ದೇವರ ಸ್ತುತಿಯ ಹಾಳೆಗೆ ಹೆಣದ ಬಟ್ಟೆ ಬಳಸಿದ್ದೇವೆ ಎಂದು ಹೇಳಿಕೊಳ್ಳುವುದರಲ್ಲಿ ಯಾರಿಗೂ ಮುಜುಗರ ಕಾಣಲಿಲ್ಲ.

ತಪ್ಪು ಕಲ್ಪನೆ: ಮಮ್ಮಿ ತೋರಿಸಿ ದುಡ್ಡು ಮಾಡಿದವರು ಜಾತ್ರೆಯ ಆಟದವರು, ಮೋಸಗಾರರು.

ವಾಸ್ತವ: ಅಮೆರಿಕದ ಮೊದಲ ಪ್ರಸಿದ್ಧ ಮಮ್ಮಿಯ ಪ್ರದರ್ಶನ ನಡೆದದ್ದು ಒಂದು ಆಸ್ಪತ್ರೆಯ ಲಾಭಕ್ಕಾಗಿ. ಇಂದಿನ ಟರ್ಕಿಯ ಇಜ್ಮಿರ್, ಅಂದಿನ ಸ್ಮಿರ್ನಾದಲ್ಲಿದ್ದ ಡಚ್ ವ್ಯಾಪಾರಿ ವಾನ್ ಲೆನೆಪ್ 1823ರಲ್ಲಿ ಪದಿಹರ್ಶೆಫ್ ಎಂಬಾತನ ಮಮ್ಮಿಯನ್ನು ಶವಪೆಟ್ಟಿಗೆ ಸಮೇತ ಬಾಸ್ಟನ್ನಿಗೆ ಕಳಿಸಿದ. ಅದು ಸೇರಿದ್ದು ಹೊಸದಾಗಿ ತೆರೆದಿದ್ದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ. ಆಸ್ಪತ್ರೆಗೆ ಹಣ ಬೇಕಿತ್ತು. ಮಮ್ಮಿಯನ್ನು ಊರಿನಲ್ಲಿ ಪ್ರದರ್ಶನಕ್ಕಿಟ್ಟರು, ಆಮೇಲೆ ಬೇರೆ ಊರುಗಳಿಗೂ ಕಳಿಸಿದರು. ನಗರದ ಹೆಸರಾಂತ ಶಸ್ತ್ರವೈದ್ಯ ಜಾನ್ ಕಾಲಿನ್ಸ್ ವಾರೆನ್ ಅದನ್ನು ಪರೀಕ್ಷಿಸಿ ಲೇಖನ ಬರೆದ. 1846ರ ಅಕ್ಟೋಬರ್ 16ರಂದು ಅದೇ ವಾರೆನ್, ಅದೇ ಆಸ್ಪತ್ರೆಯಲ್ಲಿ, ಈಥರ್ ಕೊಟ್ಟು ಅರಿವು ತಪ್ಪಿಸಿದ ರೋಗಿಯ ಕುತ್ತಿಗೆಯ ಗಡ್ಡೆಗೆ ಶಸ್ತ್ರಕ್ರಿಯೆ ಮಾಡಿ ವೈದ್ಯಕೀಯದ ದಿಕ್ಕನ್ನೇ ಬದಲಿಸಿದ. ಆ ಶಸ್ತ್ರಚಿಕಿತ್ಸಾ ಕೊಠಡಿಗೆ ಇಂದು ಈಥರ್ ಡೋಮ್ ಎಂದು ಹೆಸರು, ಪದಿಹರ್ಶೆಫ್ ಅಲ್ಲಿಯೇ ಇದ್ದಾನೆ. ಆತ ಸುಮಾರು 2,600 ವರ್ಷಗಳ ಹಿಂದೆ ಥೀಬ್ಸ್‌ನಲ್ಲಿ ಕಲ್ಲುಕೆಲಸ ಮಾಡಿಕೊಂಡಿದ್ದವನು. ಶವವನ್ನು ಒಣಗಿಸಲು ಬಳಸಿದ ಉಪ್ಪು ಇಷ್ಟು ವರ್ಷಗಳ ನಂತರವೂ ಮುಖದ ಮೇಲೆ ಒಸರುತ್ತಿತ್ತು. 2013ರಲ್ಲಿ ಸಂರಕ್ಷಣಾ ತಜ್ಞೆಯೊಬ್ಬರು ಹತ್ತಿಯ ಕಡ್ಡಿಯಿಂದ ಅದನ್ನು ಮೆಲ್ಲಗೆ ಒರೆಸಿ ತೆಗೆದರು.

ಧರ್ಮದವರೂ ದೂರ ಉಳಿಯಲಿಲ್ಲ. 1835ರಲ್ಲಿ ಮೈಕೆಲ್ ಚಾಂಡ್ಲರ್ ಎಂಬ ಪ್ರದರ್ಶಕ ನಾಲ್ಕು ಮಮ್ಮಿಗಳನ್ನೂ ಕೆಲವು ಪ್ಯಾಪಿರಸ್ ಸುರುಳಿಗಳನ್ನೂ ಹೊತ್ತುಕೊಂಡು ಓಹಾಯೋದ ಕರ್ಟ್‌ಲ್ಯಾಂಡಿಗೆ ಬಂದ. ಹನ್ನೊಂದು ಮಮ್ಮಿಗಳ ತಂಡದಲ್ಲಿ ಮಾರಾಟವಾಗಿ ಉಳಿದವು ಅವು. ಮಾರ್ಮನ್ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಮತ್ತು ಅವನ ಜೊತೆಗಾರರು 2,400 ಡಾಲರ್ ಒಟ್ಟುಮಾಡಿ ಕೊಂಡುಕೊಂಡರು. ಸುರುಳಿಗಳಲ್ಲಿ ಬೈಬಲ್ಲಿನ ಅಬ್ರಹಾಮನ ಬರಹವಿದೆ ಎಂದು ಸಾರಿದ ಸ್ಮಿತ್ 1842ರಲ್ಲಿ ಅದರ ಅನುವಾದವೆಂದು ಒಂದು ಗ್ರಂಥ ಪ್ರಕಟಿಸಿದ. ಅವನ ತಾಯಿ ಲೂಸಿ ನೌವೂ ಊರಿನ ಮನೆಯಲ್ಲಿ 25 ಸೆಂಟ್ ಪಡೆದು ಮಮ್ಮಿಗಳನ್ನು ತೋರಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ 1856ರಲ್ಲಿ ಅವು ಮತ್ತೆ ಮಾರಾಟವಾದವು. ಎರಡು ಮಮ್ಮಿಗಳು ಸೇಂಟ್ ಲೂಯಿಸ್ ಮೂಲಕ ಶಿಕಾಗೋದ ಮ್ಯೂಸಿಯಂ ಸೇರಿ 1871ರ ಮಹಾ ಅಗ್ನಿದುರಂತದಲ್ಲಿ ಸುಟ್ಟುಹೋದವು. ಪ್ಯಾಪಿರಸ್‌ಗಳೂ ಸುಟ್ಟುಹೋದವೆಂದೇ ಎಲ್ಲರೂ ನಂಬಿದ್ದರು. ಆದರೆ ಕೆಲವು ತುಣುಕುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಸಿಕ್ಕಿ 1967ರಲ್ಲಿ ಮಾರ್ಮನ್ ಚರ್ಚಿನ ಕೈಸೇರಿದವು. ಈಜಿಪ್ಟ್ ಲಿಪಿ ಬಲ್ಲವರು ಓದಿ ನೋಡಿದಾಗ ಕಂಡದ್ದು ಸತ್ತವರ ಜೊತೆ ಇಡುತ್ತಿದ್ದ ಪರಲೋಕದ ಮಂತ್ರಗಳು. ಅಬ್ರಹಾಮನ ಹೆಸರು ಅಲ್ಲಿರಲಿಲ್ಲ.

ಕ್ರೈಸ್ತ ಮಿಷನರಿಗಳೂ ತಾವು ಓದಿದ ಕಾಲೇಜುಗಳಿಗೆ ಮಮ್ಮಿ ಕಳಿಸಿದರು. ಪೆನ್ಸಿಲ್ವೇನಿಯಾದ ವೆಸ್ಟ್‌ಮಿನ್‌ಸ್ಟರ್ ಕಾಲೇಜಿಗೆ 1885ರಲ್ಲಿ ಬಂದ ಪೆಸೆದ್ ಎಂಬ ಮಹಿಳೆಯ ಮಮ್ಮಿ ಹಾಗೆ ಬಂದದ್ದು.

ತಪ್ಪು ಕಲ್ಪನೆ: ಮಮ್ಮಿ ಬಿಚ್ಚುವುದು ಸಿರಿವಂತರ ಮನೆಗಳ ಔತಣದ ಆಟವಾಗಿತ್ತು.

ವಾಸ್ತವ: ಬಿಚ್ಚುವ ಕೆಲಸ ಹೆಚ್ಚಾಗಿ ನಡೆದದ್ದು ಉಪನ್ಯಾಸ ಮಂದಿರಗಳಲ್ಲಿ, ವೈದ್ಯರು ಮತ್ತು ಪ್ರಾಧ್ಯಾಪಕರ ಎದುರಿಗೆ, ವಿಜ್ಞಾನದ ಹೆಸರಿನಲ್ಲಿ. ಕೈರೋದಲ್ಲಿ ಅಮೆರಿಕದ ಉಪ ಕಾನ್ಸುಲ್ ಆಗಿದ್ದ ಜಾರ್ಜ್ ಗ್ಲಿಡನ್ ಇದರಲ್ಲಿ ಎಲ್ಲರಿಗಿಂತ ಮುಂದೆ. 1850ರ ಜೂನ್‌ನಲ್ಲಿ ಬಾಸ್ಟನ್ನಿನ ಟ್ರೆಮಾಂಟ್ ಟೆಂಪಲ್‌ನಲ್ಲಿ ಆತ ಮಮ್ಮಿ ಬಿಚ್ಚುವ ಕಾರ್ಯಕ್ರಮ ಇಟ್ಟುಕೊಂಡ. ಥೀಬ್ಸ್‌ನ ಪುರೋಹಿತನ ಮಗಳು ಎಂದು ಪ್ರಚಾರವಾಗಿತ್ತು. ಪದರ ಪದರ ಬಟ್ಟೆ ಕತ್ತರಿಸಿ ತೆಗೆದ ಮೇಲೆ ಕಂಡದ್ದು ಒಬ್ಬ ಗಂಡಸಿನ ದೇಹ. ಪತ್ರಿಕೆಗಳಿಗೆ ಅದು ದೊಡ್ಡ ನಗೆಪಾಟಲಾಯಿತು. ಎಲ್ಲರೂ ನಕ್ಕದ್ದು ಗ್ಲಿಡನ್‌ನನ್ನು ನೋಡಿ. ಬೆತ್ತಲಾದವನು ಮಾತ್ರ ಮೇಜಿನ ಮೇಲಿದ್ದವನು. ಎರಡು ವರ್ಷದ ನಂತರ ಗ್ಲಿಡನ್ ನ್ಯೂ ಆರ್ಲಿಯನ್ಸ್‌ನ ವಿಶ್ವವಿದ್ಯಾಲಯಕ್ಕೆ, ಅಂದರೆ ಇಂದಿನ ಟ್ಯುಲೇನ್‌ಗೆ, ಎರಡು ಮಮ್ಮಿಗಳನ್ನು ಕೊಟ್ಟ. ಇಪ್ಪತ್ತನೆಯ ಶತಮಾನದಲ್ಲಿ ಅವು ಬಹುಕಾಲ ಅಲ್ಲಿನ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲುಗಳ ಕೆಳಗೆ ಬಿದ್ದಿದ್ದವು.

ತಪ್ಪು ಕಲ್ಪನೆ: ಅದೆಲ್ಲ ಬರೀ ಕುತೂಹಲ, ಯಾರಿಗೂ ಹಾನಿಯಾಗಲಿಲ್ಲ.

ವಾಸ್ತವ: ಈ ಮಾತೇ ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವುದು. ಗ್ಲಿಡನ್ ಈಜಿಪ್ಟಿನಲ್ಲಿದ್ದಾಗ ಗೋರಿಗಳಿಂದ ನೂರಕ್ಕೂ ಹೆಚ್ಚು ತಲೆಬುರುಡೆಗಳನ್ನು ಸಂಗ್ರಹಿಸಿ ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಮಾರ್ಟನ್‌ಗೆ ಕಳಿಸಿದ. ಮಾರ್ಟನ್ ಬುರುಡೆಗಳೊಳಗೆ ಮೊದಲು ಸಾಸಿವೆಯಂಥ ಕಾಳು, ಆಮೇಲೆ ಸೀಸದ ಗುಂಡು ತುಂಬಿ ಅಳತೆ ತೆಗೆಯುತ್ತಿದ್ದ. 1844ರಲ್ಲಿ ಅವನು ಪ್ರಕಟಿಸಿದ ಗ್ರಂಥದ ವಾದ ಹೀಗಿತ್ತು: ಪ್ರಾಚೀನ ಈಜಿಪ್ಟನ್ನು ಕಟ್ಟಿದವರು ಬಿಳಿಯರ ಕುಲದವರು, ಕರಿಯರು ಆಗಲೂ ಆಳುಗಳೂ ಗುಲಾಮರೂ ಆಗಿದ್ದರು. ಅಮೆರಿಕದ ದಕ್ಷಿಣದ ತೋಟಗಳ ಒಡೆಯರಿಗೆ ಇದಕ್ಕಿಂತ ಹಿತವಾದ ಮಾತು ಬೇಕಿರಲಿಲ್ಲ. 1854ರಲ್ಲಿ ಗ್ಲಿಡನ್ ಅಲಬಾಮದ ವೈದ್ಯ ಜೋಸಯಾ ನಾಟ್ ಜೊತೆ ಸೇರಿ ಒಂದು ದಪ್ಪ ಗ್ರಂಥ ಹೊರತಂದ. ಮನುಷ್ಯ ಕುಲಗಳು ಬೇರೆಬೇರೆಯಾಗಿಯೇ ಹುಟ್ಟಿದವು, ಅವು ಸಮವಲ್ಲ ಎನ್ನುವುದು ಅದರ ಸಾರ.

ಅದೇ ವರ್ಷ ಉತ್ತರ ಬಂತು. ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು ಬಂದು, ದೇಶದ ದೊಡ್ಡ ವಾಗ್ಮಿಯಾಗಿದ್ದ ಫ್ರೆಡರಿಕ್ ಡಗ್ಲಾಸ್ 1854ರ ಜುಲೈನಲ್ಲಿ ಓಹಾಯೋದ ವೆಸ್ಟರ್ನ್ ರಿಸರ್ವ್ ಕಾಲೇಜಿನಲ್ಲಿ ಭಾಷಣ ಮಾಡಿದ. ಮಾರ್ಟನ್‌ನ ಬರಹವನ್ನೇ ಎತ್ತಿಕೊಂಡು, ಈಜಿಪ್ಟಿನವರನ್ನು ಆಫ್ರಿಕಾದಿಂದ ಬೇರ್ಪಡಿಸುವ ಹಟದ ಹಿಂದಿನ ಉದ್ದೇಶವನ್ನು ಬಯಲು ಮಾಡಿದ. ಮಮ್ಮಿಗಳ ಚರಿತ್ರೆ ಹೇಳುವವರು ಕಾಗದದ ಗಿರಣಿಯ ಕಥೆಗೆ ಕೊಡುವ ಜಾಗದಲ್ಲಿ ಅರ್ಧವನ್ನಾದರೂ ಈ ಭಾಷಣಕ್ಕೆ ಕೊಡಬೇಕಿತ್ತು.

ತಪ್ಪು ಕಲ್ಪನೆ: ಜನ ಮಮ್ಮಿಯ ಶಾಪಕ್ಕೆ ಹೆದರುತ್ತಿದ್ದರು.

ವಾಸ್ತವ: ಆ ಭಯ ಮನೆಮಾತಾದದ್ದು 1922ರಲ್ಲಿ ಟುಟಾಂಖಾಮುನ್‌ನ ಗೋರಿ ಸಿಕ್ಕಿ, ಮರುವರ್ಷ ಆ ಉತ್ಖನನಕ್ಕೆ ಹಣ ಹಾಕಿದ್ದ ಲಾರ್ಡ್ ಕಾರ್ನಾರ್ವನ್ ಸತ್ತ ಮೇಲೆ. ಬೀಜ ಮೊದಲೇ ಇತ್ತು: ಲೂಯಿಸಾ ಮೇ ಆಲ್ಕಾಟ್ 1869ರಲ್ಲೇ ಮಮ್ಮಿಯ ಶಾಪದ ಕಥೆಯೊಂದನ್ನು ಬರೆದಿದ್ದಳು. ಆದರೆ 1845ರ ಎಡ್ಗರ್ ಆಲನ್ ಪೋನ ಕಥೆಯಲ್ಲಿ ಎದ್ದು ಕೂರುವ ಮಮ್ಮಿ ಯಾರನ್ನೂ ಹೆದರಿಸುವುದಿಲ್ಲ, ಎದುರಿದ್ದ ವಿದ್ವಾಂಸರ ಜೊತೆ ವಾದ ಮಾಡುತ್ತದೆ. ಆ ವಿದ್ವಾಂಸರಲ್ಲಿ ಒಬ್ಬನ ಹೆಸರು ಗ್ಲಿಡನ್.

ತಪ್ಪು ಕಲ್ಪನೆ: ಬಂದ ಮಮ್ಮಿಗಳೆಲ್ಲ ರಾಜರು, ರಾಜಕುಮಾರಿಯರು.

ವಾಸ್ತವ: ರಾಜವಂಶ ಎಂದರೆ ಟಿಕೆಟ್ ಹೆಚ್ಚು ಖರ್ಚಾಗುತ್ತಿತ್ತು, ಅಷ್ಟೆ. ವರ್ಮಾಂಟ್‌ನ ಮಿಡಲ್‌ಬರಿ ಊರಿನ ಸಂಗ್ರಾಹಕ ಹೆನ್ರಿ ಶೆಲ್ಡನ್ 1886ರಲ್ಲಿ ಒಂದು ಮಗುವಿನ ಮಮ್ಮಿ ತರಿಸಿದ. ತಲುಪುವಷ್ಟರಲ್ಲಿ ಅದು ತೀರಾ ಹಾಳಾಗಿತ್ತು, ಅಟ್ಟ ಸೇರಿತು. 1945ರಲ್ಲಿ ಅಲ್ಲಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವರು ಅದನ್ನು ದಹಿಸಿ, ಬೂದಿಯನ್ನು ತಮ್ಮ ಕುಟುಂಬದ ಸ್ಮಶಾನದ ಜಾಗದಲ್ಲಿ ಹೂಳಿಸಿ, ಕಲ್ಲು ನಿಲ್ಲಿಸಿದರು. ಕಲ್ಲಿನ ಮೇಲೆ ರಾಜನ ಮಗ, ಎರಡು ವರ್ಷ ಎಂದು ಕೆತ್ತಿದೆ.

ನಿಜವಾದ ರಾಜನಿರಬಹುದಾದವನನ್ನು ಯಾರೂ ಗುರುತಿಸಲೇ ಇಲ್ಲ. ನಯಾಗರಾ ಜಲಪಾತದ ಬಳಿಯ ಖಾಸಗಿ ಮ್ಯೂಸಿಯಂಗೆ 1860ರ ಆಸುಪಾಸಿನಲ್ಲಿ ಬಂದ ಒಂದು ಮಮ್ಮಿ ಎರಡು ತಲೆಯ ಕರುವಿನಂಥ ವಿಚಿತ್ರಗಳ ನಡುವೆ ನೂರಕ್ಕೂ ಹೆಚ್ಚು ವರ್ಷ ಮಲಗಿತ್ತು. ರಾಜರಿಗೆ ಮಾಡುವಂತೆ ಕೈಗಳನ್ನು ಎದೆಯ ಮೇಲೆ ಅಡ್ಡವಾಗಿ ಇರಿಸಿದ್ದನ್ನು ತಜ್ಞರು ಗಮನಿಸಿದ್ದು ಬಹಳ ತಡವಾಗಿ.

ತಪ್ಪು ಕಲ್ಪನೆ: ಆಗ ಕಾನೂನೇ ಇರಲಿಲ್ಲ, ಕೊಂಡವರ ತಪ್ಪೇನೂ ಇಲ್ಲ.

ವಾಸ್ತವ: ಪ್ರಾಚೀನ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸಬಾರದೆಂದು ಈಜಿಪ್ಟಿನ ಆಡಳಿತಗಾರ ಮುಹಮ್ಮದ್ ಅಲಿ 1835ರಲ್ಲೇ ಆಜ್ಞೆ ಹೊರಡಿಸಿದ್ದ. 1858ರಲ್ಲಿ ಪುರಾತತ್ವ ಇಲಾಖೆಯೂ ಬಂತು. ಆಜ್ಞೆಯನ್ನು ಆಳುವವರೇ ಸಡಿಲಿಸುತ್ತಿದ್ದರು, ವಿದೇಶಿಗರಿಗೆ ಉಡುಗೊರೆಯಾಗಿ ಕೊಡುತ್ತಿದ್ದರು, ಸ್ಥಳೀಯ ಗೋರಿಗಳ್ಳರೂ ಮಾರುತ್ತಿದ್ದರು ಎಂಬುದು ನಿಜ. ಆದರೆ ನಿಷೇಧದ ವಿಷಯ ಅಲ್ಲಿದ್ದ ವಿದೇಶಿ ಅಧಿಕಾರಿಗಳಿಗೆ ಗೊತ್ತಿತ್ತು. ಗ್ಲಿಡನ್ ಸ್ವತಃ 1841ರಲ್ಲಿ ಈಜಿಪ್ಟಿನ ಸ್ಮಾರಕಗಳು ನಾಶವಾಗುತ್ತಿವೆ ಎಂದು ಪುಸ್ತಕ ಬರೆದು ಮೊರೆಯಿಟ್ಟಿದ್ದ. ಗುಡಿಯ ಕಲ್ಲಿಗೆ ಮರುಗಿದವನಿಗೆ ಗೋರಿಯ ಮನುಷ್ಯ ಕಾಣಲಿಲ್ಲ.

ಹಾಗೆ ಹೊರಗೆ ಹೋದ ಮಮ್ಮಿಗಳಲ್ಲಿ ಒಂದಾದರೂ ಮರಳಿದೆ: ನಯಾಗರಾದ ಮಮ್ಮಿಯನ್ನು 1999ರಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಮೈಕೆಲ್ ಸಿ. ಕಾರ್ಲೋಸ್ ಮ್ಯೂಸಿಯಂ, ಇತರ ಈಜಿಪ್ಟ್ ವಸ್ತುಗಳ ಜೊತೆ, ಸಾರ್ವಜನಿಕರಿಂದ ಹಣ ಎತ್ತಿ ಕೊಂಡುಕೊಂಡಿತು. ಪರೀಕ್ಷೆಗಳ ನಂತರ ಅದು ಬಹುಶಃ ಒಂದನೇ ರಾಮ್ಸೆಸ್ ದೊರೆಯದು ಎಂಬ ಅಭಿಪ್ರಾಯ ಗಟ್ಟಿಯಾಯಿತು. 2003ರಲ್ಲಿ ಮ್ಯೂಸಿಯಂ ಅದನ್ನು ಈಜಿಪ್ಟಿಗೆ ಉಡುಗೊರೆಯಾಗಿ ಹಿಂದಿರುಗಿಸಿತು. ಈಗ ಅದು ಲಕ್ಸರ್ ಮ್ಯೂಸಿಯಂನಲ್ಲಿದೆ.