ಚೆಂಡು ಕೊಡುವ ಸಾಕ್ಷಿ

ಜಯಪುರದ ಸುತ್ತಿನ ಅಡಿಕೆ ತೋಟಗಳಿಗೆ ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತುವ ಕೊನೆಗಾರರು ಸಿಗುವುದೇ ಕಷ್ಟವಾದ ಮೇಲೆ, ನೆಲದಲ್ಲಿ ನಿಂತು ಕೊನೆ ಇಳಿಸಲಿಕ್ಕೂ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲಿಕ್ಕೂ ಇದೇ ಆಸರೆ. ಕಳೆದ ಕೊಯ್ಲಿನಲ್ಲಿ ಅಂಥ ಒಂದು ತೋಟದಲ್ಲಿ ನಿಂತು ನೋಡುತ್ತಿದ್ದೆ. ಗಟ್ಟಿಮುಟ್ಟಾದ ಹುಡುಗ, ಹೊಸದಾಗಿ ದೋಟಿ ಹಿಡಿದವನು. ತುಂಡುಗಳನ್ನು ಒಂದೊಂದಾಗಿ ಎಳೆದು ಲಾಕ್ ಮಾಡಿ ಎತ್ತಿದ. ಬುಡ ಅವನ ಕೈಯಲ್ಲಿ ನೆಟ್ಟಗೇ ಇತ್ತು, ತುದಿ ಮಾತ್ರ ಮೇಲೆ ಒಂದು ಮಾರು ಆಚೆ ಈಚೆ ತೂಗಾಡುತ್ತಿತ್ತು. ಕತ್ತಿಯನ್ನು ಕೊನೆಯ ಬುಡಕ್ಕೆ ಸಿಕ್ಕಿಸಲು ಹೋದಾಗಲೆಲ್ಲ ಅದು ಮರ ದಾಟಿ ಹೋಗುತ್ತಿತ್ತು. ಬಲೆ ಹಿಡಿದು ನಿಂತಿದ್ದ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಿನ್ನ ಕೈಗಾಗೋ ಕೋಲಲ್ಲ ಮಾರಾಯ, ಆ ಬುಡ ದಪ್ಪ ಇರೋದನ್ನ ತಗೋ" ಅಂದರು. ಹುಡುಗ ಕೋಲು ಬದಲಿಸಿದ. ಎರಡನೆಯ ಸಲಕ್ಕೇ ಕೊನೆ ಬಲೆಗೆ ಬಿತ್ತು.

ಅವನ ತೋಳಿನ ಬಲ ಆ ಐದು ನಿಮಿಷದಲ್ಲಿ ಹೆಚ್ಚಿರಲಿಲ್ಲ. ಹಿಡಿತದ ಕಸುಬನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಕೋಲು ಬದಲಾಗಿತ್ತು, ಅಷ್ಟೇ. ಈ ಸಂಗತಿಯನ್ನೇ ಅಳೆದು, ಅಂಕಿಯಲ್ಲಿ ತೋರಿಸಿ, ಒಂದು ವಿದ್ಯೆಯಾಗಿ ಬೆಳೆಸಿಕೊಂಡಿರುವ ಆಟ ಗಾಲ್ಫ್. ಅಲ್ಲಿ ಇದಕ್ಕೆ ಕ್ಲಬ್ ಫಿಟ್ಟಿಂಗ್ ಎನ್ನುತ್ತಾರೆ. ಕ್ಲಬ್ ಅಂದರೆ ಚೆಂಡು ಹೊಡೆಯುವ ಕೋಲು. ಅದರ ದಂಡಕ್ಕೆ ಶಾಫ್ಟ್ ಎಂದು ಹೆಸರು. ಡ್ರೈವರ್‌ನಂಥ ಉದ್ದ ಕ್ಲಬ್‌ಗಳ ಶಾಫ್ಟ್ ತಯಾರಾಗುವುದು ಇವತ್ತು ನಮ್ಮ ದೋಟಿಯ ವಸ್ತುವಿನಿಂದಲೇ, ಅಂದರೆ ಅಂಟಿನಲ್ಲಿ ಕೂರಿಸಿದ ಕಾರ್ಬನ್ ಎಳೆಗಳಿಂದ.

ಗಾಲ್ಫ್ ನಮಗೆ ದೂರದ್ದೆನಿಸಬಹುದು. ಆದರೆ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ನಮ್ಮ ಜಿಲ್ಲಾ ಕೇಂದ್ರ ಚಿಕ್ಕಮಗಳೂರಿನಲ್ಲೂ ಗಾಲ್ಫ್ ಅಂಗಳವಿದೆ. ಬೆಂಗಳೂರಿನ ಅದಿತಿ ಅಶೋಕ್ ಐದು ವರ್ಷದ ಮಗುವಾಗಿದ್ದಾಗ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಗಳದ ಪಕ್ಕದ ಹೋಟೆಲಿನಲ್ಲಿ ತಿಂಡಿಗೆ ಕೂತು ಈ ಆಟವನ್ನು ಮೊದಲು ಕಂಡವರು. 2021ರ ಆಗಸ್ಟಿನಲ್ಲಿ, ಟೋಕಿಯೊ ಒಲಿಂಪಿಕ್ಸಿನ ಮಹಿಳಾ ಗಾಲ್ಫಿನ ಕೊನೆಯ ದಿನದಾಟವನ್ನು ನಸುಕಿಗೇ ಎದ್ದು ಟೀವಿಯ ಮುಂದೆ ಕೂತು ನೋಡಿದವರಿಗೆ ಆ ಹೆಸರು ಮರೆತಿರಲಾರದು. ಒಂದೇ ಹೊಡೆತದಿಂದ ಪದಕ ತಪ್ಪಿ ಅವರು ನಾಲ್ಕನೆಯವರಾದರು.

ಆ ಆಟದಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿತ್ತು. ಮೊದಲ ಹೊಡೆತದ ದೂರದಲ್ಲಿ ಅದಿತಿ ಆ ಕಣದ ಹಿಂದಿನ ಸಾಲಿನವರು. ಕೆಲವು ತಿಂಗಳ ಹಿಂದಷ್ಟೇ ಕೋವಿಡ್ ಬಂದು ಮೈಯ ಕಸು ಇನ್ನೂ ಕಡಿಮೆಯಾಗಿತ್ತು. ಹಾಗಾಗಿ ಎದುರಾಳಿಗಳು ಐರನ್ ಎಂಬ ತೆಳು ತಲೆಯ ಕ್ಲಬ್ ಹಿಡಿಯುವ ಜಾಗದಲ್ಲಿ, ಇನ್ನೂ ದೂರ ಉಳಿದಿದ್ದ ಅವರು ದಪ್ಪ ತಲೆಯ ಹೈಬ್ರಿಡ್ ಅಥವಾ ಫೇರ್‌ವೇ ವುಡ್ ಎತ್ತಿಕೊಳ್ಳಬೇಕಾಗುತ್ತಿತ್ತು. ಅಷ್ಟಾದರೂ ಚೆಂಡು ಗುಳಿಯ ಸುತ್ತಲಿನ ಹಸಿರಿನ ಮೇಲೆ ಮೆತ್ತಗೆ ಇಳಿದು ನಿಲ್ಲುತ್ತಿತ್ತು. ಗುಳಿಗೆ ಉರುಳಿಸುವ ಕೊನೆಯ ಕೆಲಸದಲ್ಲಂತೂ ಅವರು ಎಲ್ಲರಿಗಿಂತ ಮುಂದಿದ್ದರು. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ಮಾತ್ರ ಇರಬಹುದು. ಯಾವ 14 ಎಂಬುದನ್ನು ಆಟಗಾರನ ಮೈಬಲ ತೀರ್ಮಾನಿಸಬೇಕು, ಅಂಗಡಿಯ ಸೆಟ್ ಅಲ್ಲ.

ಹೈಬ್ರಿಡ್ ಯಾಕೆ ಸಹಾಯಕ್ಕೆ ಬರುತ್ತದೆ? ಚೆಂಡು ಗಾಳಿಯಲ್ಲಿ ನಿಲ್ಲುವುದಕ್ಕೆ ವೇಗ ಬೇಕು, ಏರುವ ಕೋನ ಬೇಕು, ಹಿಮ್ಮುಖ ಸುತ್ತು ಬೇಕು. ಹಿಂದಕ್ಕೆ ಸುತ್ತುತ್ತಾ ಮುಂದಕ್ಕೆ ಹಾರುವ ಚೆಂಡು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ. ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಇದು ಮ್ಯಾಗ್ನಸ್ ಪರಿಣಾಮ. ಕ್ಲಬ್ಬಿನ ವೇಗ ಕಡಿಮೆಯಿದ್ದವರು ಉದ್ದದ ಐರನ್‌ನಿಂದ ಹೊಡೆದರೆ ಚೆಂಡು ತಗ್ಗಿನಲ್ಲೇ ಹೋಗಿ, ನೆಲಕ್ಕೆ ಓರೆಯಾಗಿ ತಾಗಿ, ಹಸಿರಿನಾಚೆ ಉರುಳುತ್ತದೆ. ಹೈಬ್ರಿಡ್‌ನ ತಲೆಯ ಭಾರ ಕೆಳಗೂ ಹಿಂದಕ್ಕೂ ಇರುವುದರಿಂದ ಅದೇ ವೇಗಕ್ಕೆ ಚೆಂಡು ಇನ್ನಷ್ಟು ಎತ್ತರ ಏರಿ ಕಡಿದಾಗಿ ಇಳಿಯುತ್ತದೆ.

ಸುತ್ತನ್ನು ಅಳೆಯುವ ಪ್ರಯತ್ನ ಹಳೆಯದು. 1890ರ ದಶಕದಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್ ಚೆಂಡಿಗೆ ಉದ್ದನೆಯ ಪಟ್ಟಿ ಕಟ್ಟಿ, ಹತ್ತಿರದ ಜೇಡಿಮಣ್ಣಿನ ಗೋಡೆಗೆ ಅದನ್ನು ಹೊಡೆಸಿ, ಪಟ್ಟಿಗೆ ಬಿದ್ದ ಹುರಿಗಳನ್ನು ಎಣಿಸಿದರು. ಹಿಮ್ಮುಖ ಸುತ್ತೇ ಚೆಂಡನ್ನು ಎತ್ತಿ ಹಿಡಿಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಅವರ ಮಗ ಫ್ರೆಡ್ಡಿ 1896 ಮತ್ತು 1898ರಲ್ಲಿ ಬ್ರಿಟನ್ನಿನ ಅಮೆಚೂರ್ ಚಾಂಪಿಯನ್. ಮನೆಯಲ್ಲೇ ಆಟಗಾರ, ಮನೆಯಲ್ಲೇ ವಿಜ್ಞಾನಿ. ಬರೀ ಪಟ್ಟಿಯ ಹುರಿ ಎಣಿಸಿ ಇಷ್ಟು ಕಂಡುಕೊಂಡ ಆ ಜಾಣ್ಮೆ ನನಗೆ ಇಂದಿನ ಯಂತ್ರಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಂದಿನ ಯಂತ್ರಕ್ಕೆ ಲಾಂಚ್ ಮಾನಿಟರ್ ಎನ್ನುತ್ತಾರೆ. ಅದರಲ್ಲಿ ಎರಡು ಜಾತಿ. ಒಂದು, ಮಳೆಯ ಸುದ್ದಿಯಲ್ಲಿ ನಾವು ಕೇಳುವ ಡಾಪ್ಲರ್ ರಾಡಾರಿನದೇ ಕುಲ. 2003ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಟ್ರ್ಯಾಕ್‌ಮ್ಯಾನ್ ಕಂಪನಿ, ಹಾರುವ ಗುಂಡುಗಳ ಜಾಡು ಹಿಡಿಯುವ ರಾಡಾರ್ ವಿದ್ಯೆಯನ್ನು ಗಾಲ್ಫ್ ಚೆಂಡಿಗೆ ತಂದಿತು. ಚಲಿಸುವ ವಸ್ತುವಿಗೆ ತಾಗಿ ಮರಳುವ ಅಲೆಯ ಕಂಪನ ತುಸು ಬದಲಾಗಿರುತ್ತದೆ. ಸೆಕೆಂಡಿಗೆ 1,050 ಕೋಟಿ ಸಲ ಕಂಪಿಸುವ ಅಲೆಯನ್ನು ಗಂಟೆಗೆ 225 ಕಿ.ಮೀ. ವೇಗದ ಚೆಂಡಿಗೆ ಬಿಟ್ಟರೆ, ಮರಳಿದ ಅಲೆಯಲ್ಲಿ ಸುಮಾರು 4,400 ಕಂಪನಗಳ ವ್ಯತ್ಯಾಸ ಕಾಣುತ್ತದೆ. ಅಷ್ಟರಿಂದ ವೇಗ ಸಿಕ್ಕಿತು. ಹಲವು ಗ್ರಾಹಕಗಳಿಗೆ ಅಲೆ ಮುಟ್ಟುವ ಸೂಕ್ಷ್ಮ ಹಿಂದುಮುಂದಿನಿಂದ ದಿಕ್ಕು ಸಿಗುತ್ತದೆ. ಇನ್ನೊಂದು ಜಾತಿ ಕ್ಯಾಮೆರಾದ್ದು. ನಿಮಿಷಕ್ಕೆ 2,700 ಸುತ್ತು ಸುತ್ತುವ ಚೆಂಡು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ 16 ಡಿಗ್ರಿ ತಿರುಗುತ್ತದೆ, ಆರು ಸೆಂಟಿಮೀಟರ್ ಮುಂದೆ ಹೋಗುತ್ತದೆ. ಎರಡು ಚಿತ್ರ ಪಕ್ಕಪಕ್ಕ ಇಟ್ಟು ಚೆಂಡಿನ ಗುರುತು ಎಷ್ಟು ತಿರುಗಿದೆ ಎಂದು ನೋಡಿದರೆ ಸುತ್ತಿನ ಲೆಕ್ಕ ಕೈಗೆ ಬರುತ್ತದೆ.

ಈ ಅಂಕಿಗಳಲ್ಲಿ ಮೊದಲು ನೋಡಬೇಕಾದ್ದು ಕ್ಲಬ್ಬಿನ ವೇಗ ಮತ್ತು ಚೆಂಡಿನ ವೇಗದ ಅನುಪಾತ. ಇದಕ್ಕೊಂದು ಮಿತಿ ಇದೆ. ಚೆಂಡಿನ ತೂಕ ಸುಮಾರು 46 ಗ್ರಾಂ, ಡ್ರೈವರ್ ತಲೆಯದು 200 ಗ್ರಾಂ ಎನ್ನೋಣ. ಡ್ರೈವರಿನ ಮುಖ ಎಷ್ಟು ಪುಟಿಯಬಹುದು ಎಂಬುದನ್ನೂ ನಿಯಮ ಕಟ್ಟಿಹಾಕಿದೆ. ಪುಟಿತದ ಗುಣಾಂಕ ಸುಮಾರು 0.83. ಶಾಲೆಯಲ್ಲಿ ಕಲಿತ ಡಿಕ್ಕಿಯ ಸೂತ್ರಕ್ಕೆ ಇವನ್ನು ಹಾಕಿದರೆ 1.83ನ್ನು 1.23ರಿಂದ ಭಾಗಿಸಬೇಕು. ಉತ್ತರ 1.49. ಅಂದರೆ ಗಂಟೆಗೆ 150 ಕಿ.ಮೀ. ವೇಗದಲ್ಲಿ ಬೀಸಿದವರ ಚೆಂಡು ಸುಮಾರು 223 ಕಿ.ಮೀ. ವೇಗದಲ್ಲಿ ಹೊರಡಬಹುದು, ಅದೂ ಮುಖದ ನಡುವಿಗೇ ತಾಗಿದರೆ. ಜಾಹೀರಾತು ಏನೇ ಹೇಳಲಿ, ನಿಯಮದೊಳಗಿನ ಯಾವ ಕ್ಲಬ್ಬೂ ಈ ಗೆರೆಯನ್ನು ಹೆಚ್ಚು ದಾಟಲಾರದು. ಹೆಚ್ಚಿನವರು ದೂರ ಕಳೆದುಕೊಳ್ಳುವುದು ನಡುವಿಗೆ ತಾಗಿಸಲಾಗದೆ. ಕೈಗೆ ಉದ್ದವಾದ ಕ್ಲಬ್ ಹಿಡಿದವರಿಗೆ ನಡು ಇನ್ನಷ್ಟು ತಪ್ಪುತ್ತದೆ.

ವೇಗ ಬೇರೆಯಾದರೆ ಬೇಕಾದ ಕ್ಲಬ್ಬೂ ಬೇರೆ. ಟ್ರ್ಯಾಕ್‌ಮ್ಯಾನ್ ಪ್ರಕಟಿಸಿದ, ಗಾಲ್ಫ್ ಬಲ್ಲವರಿಗೆಲ್ಲ ಪರಿಚಿತವಾದ ಹಳೆಯ ಸರಾಸರಿ ಪಟ್ಟಿಯೊಂದಿದೆ. ಅದರ ಪ್ರಕಾರ ಅಮೆರಿಕದ ಪುರುಷರ ವೃತ್ತಿಪರ ಟೂರಿನಲ್ಲಿ ಡ್ರೈವರ್ ಬೀಸುವ ವೇಗ ಗಂಟೆಗೆ ಸುಮಾರು 182 ಕಿ.ಮೀ., ಮಹಿಳೆಯರದು 151. ಪುರುಷರ ಚೆಂಡು ಏರುವುದು ಸುಮಾರು 11 ಡಿಗ್ರಿಯಲ್ಲಿ, ಮಹಿಳೆಯರದು 13ರಲ್ಲಿ. ಪುರುಷರ ಕ್ಲಬ್ ಚೆಂಡಿಗೆ ತಾಗುವಾಗ ತುಸು ಕೆಳಮುಖವಾಗಿ ಬರುತ್ತಿರುತ್ತದೆ, ಮಹಿಳೆಯರದು ಮೂರು ಡಿಗ್ರಿ ಮೇಲ್ಮುಖವಾಗಿ. ವೇಗ ಕಡಿಮೆ ಇದ್ದವರು ಚೆಂಡನ್ನು ಹೆಚ್ಚು ಎತ್ತರಕ್ಕೆ ಕಳಿಸಿಯೇ ದೂರ ಗಳಿಸಬೇಕು. ಹೀಗಿರುವಾಗ ಟೀವಿಯಲ್ಲಿ ಕಂಡ ಚಾಂಪಿಯನ್ನನ ಡ್ರೈವರನ್ನೇ ಕೊಳ್ಳುವ ಹವ್ಯಾಸಿ ತನಗೆ ತಾನೇ ಅನ್ಯಾಯ ಮಾಡಿಕೊಳ್ಳುತ್ತಾನೆ.

ನಮ್ಮ ಕಡೆ ಗುದ್ದಲಿಗೆ ಕಾವು ಹಾಕುವಾಗ ಹಿಡಿಯುವವನ ಎತ್ತರ ನೋಡುತ್ತಾರೆ. ಅಲಗಿನ ಒಂದು ಮೂಲೆ ಮಾತ್ರ ಮೊದಲು ಮಣ್ಣಿಗೆ ತಾಗಿದರೆ ಗುದ್ದಲಿ ಕೈಯಲ್ಲಿ ತಿರುಚುತ್ತದೆ. ಗಾಲ್ಫಿನಲ್ಲಿ ಇದನ್ನು ಲೈ ಕೋನ ಎನ್ನುತ್ತಾರೆ. ಬಲಗೈ ಆಟಗಾರನ ಕ್ಲಬ್ಬಿನ ತುದಿ ಮೇಲೆದ್ದಿದ್ದರೆ ಮುಖ ಎಡಕ್ಕೆ ನೋಡುತ್ತದೆ, ಚೆಂಡೂ ಎಡಕ್ಕೆ ಹೊರಡುತ್ತದೆ. ಮುಖದ ವಾಲು ಹೆಚ್ಚಿದ್ದಷ್ಟೂ ಈ ದೋಷ ದೊಡ್ಡದು. 20 ಡಿಗ್ರಿ ವಾಲಿನ ಕ್ಲಬ್ಬಿನಲ್ಲಿ ಲೈ ಒಂದು ಡಿಗ್ರಿ ತಪ್ಪಿದರೆ ದಿಕ್ಕು ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು ತಪ್ಪೀತು. 45 ಡಿಗ್ರಿಯದರಲ್ಲಿ ಪೂರ್ತಿ ಒಂದು ಡಿಗ್ರಿ. ಪಿಂಗ್ ಕಂಪನಿ ಕಟ್ಟಿದ ಎಂಜಿನಿಯರ್ ಕಾರ್ಸ್ಟನ್ ಸೋಲ್‌ಹೈಮ್ 1970ರ ದಶಕದಲ್ಲೇ ಆಟಗಾರನ ಎತ್ತರ, ಮಣಿಕಟ್ಟಿನಿಂದ ನೆಲದವರೆಗಿನ ಅಳತೆ ಹಿಡಿದು ಬಣ್ಣದ ಗುರುತುಗಳ ಕ್ಲಬ್ ಕೊಡುವ ಪದ್ಧತಿ ತಂದರು. ನಿಂತಾಗ ತೆಗೆದ ಆ ಅಳತೆ ಆರಂಭಕ್ಕೆ ಸಾಕು. ಬೀಸುವಾಗ ಮೈ ಬಾಗುತ್ತದೆ, ಶಾಫ್ಟೂ ಬಾಗುತ್ತದೆ. ಆದ್ದರಿಂದ ಕೊನೆಯ ಮಾತು ಚೆಂಡಿನದೇ.

ಶಾಫ್ಟಿನ ಬಗ್ಗೆ ಅಂಗಡಿಗಳಲ್ಲಿ ಕೇಳುವ ಮಾತುಗಳಿಗೆ ಲೆಕ್ಕವಿಲ್ಲ. ಕೋಲು ಉದ್ದವಾದಂತೆ ಬಾಗು ಹೇಗೆ ಬೆಳೆಯುತ್ತದೆ ಎಂಬುದು ದೋಟಿ ಹಿಡಿದವರಿಗೆ ಗೊತ್ತು. ಒಂದೇ ದಪ್ಪದ ಕೋಲಿನ ತುದಿಗೆ ಒಂದೇ ಭಾರ ಹೇರಿದಾಗ, ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟು. ಗಾಲ್ಫಿನಲ್ಲಿ ಕ್ಲಬ್ ಚೆಂಡಿಗೆ ತಾಗಿರುವುದು ಸೆಕೆಂಡಿನ ಎರಡು ಸಾವಿರದ ಒಂದು ಭಾಗ ಮಾತ್ರ. ಆ ಗಳಿಗೆಯಲ್ಲಿ ಕೈಯಾಗಲಿ ಶಾಫ್ಟಾಗಲಿ ಏನನ್ನೂ ತಿದ್ದಲಾರವು. ಶಾಫ್ಟಿನ ಕೆಲಸ ಅದಕ್ಕೂ ಮೊದಲಿನದು, ತಲೆಯನ್ನು ಸರಿಯಾದ ಜಾಗಕ್ಕೆ, ಸರಿಯಾದ ಓರೆಯಲ್ಲಿ ತಂದು ಮುಟ್ಟಿಸುವುದು. ಅದು ಒಬ್ಬೊಬ್ಬರ ಬೀಸಿನಲ್ಲಿ ಒಂದೊಂದು ಥರ. ಅದಕ್ಕೇ ಬಿಗುವನ್ನು ಸೂಚಿಸಲು ಶಾಫ್ಟಿನ ಮೇಲೆ ಬರೆದ ಅಕ್ಷರ ನಂಬಿ ಕೊಳ್ಳಬಾರದು, ಹೊಡೆದು ಅಳೆಯಬೇಕು.

ಆದರೆ ಅಳತೆ ಇದ್ದ ಮಾತ್ರಕ್ಕೆ ಸತ್ಯ ಸಿಗುವುದಿಲ್ಲ, ಅದನ್ನು ಓದುವ ಬಗೆ ಗೊತ್ತಿರಬೇಕು. ಲೆಕ್ಕಕ್ಕೆಂದು ಎರಡು ಕ್ಲಬ್ ಇಟ್ಟುಕೊಳ್ಳೋಣ. ಒಂದರಲ್ಲಿ ಐದು ಹೊಡೆತಗಳು 142, 148, 120, 151, 119 ಮೀಟರ್ ಹೋದವು. ಇನ್ನೊಂದರಲ್ಲಿ 138, 136, 140, 137, 134. ಸರಾಸರಿ ತೆಗೆದರೆ ಮೊದಲಿನದು 136, ಎರಡನೆಯದು 137, ಹೆಚ್ಚುಕಮ್ಮಿ ಒಂದೇ. ಆದರೆ ಅಂಗಡಿಯಲ್ಲಿ ಮನಸ್ಸು ಸೋಲುವುದು ಆ 151ಕ್ಕೆ. ಮೊದಲ ಕ್ಲಬ್ಬಿನ ಚದುರು 32 ಮೀಟರ್, ಎರಡನೆಯದರದು 6. ಮುಂದೆ ಹೊಂಡವೋ ಕೆರೆಯೋ ಇದ್ದಾಗ ನಂಬಬಹುದಾದ ಕೋಲು ಎರಡನೆಯದೇ. ದಿಕ್ಕಿನ ಚದುರನ್ನೂ ಹೀಗೆಯೇ ನೋಡಬೇಕು. ಚೆಂಡು ಒಂದು ಡಿಗ್ರಿ ತಪ್ಪಿ ಹೊರಟರೆ 200 ಮೀಟರ್ ಆಚೆ ಮೂರೂವರೆ ಮೀಟರ್ ಸರಿದಿರುತ್ತದೆ.

ಐದು ಹೊಡೆತವೂ ಕಡಿಮೆಯೇ. ಪ್ರತಿ ಕ್ಲಬ್ಬಿಗೆ ಹತ್ತು ಹನ್ನೆರಡಾದರೂ ಬೇಕು, ಅದೂ ಸರದಿ ಬದಲಿಸುತ್ತ. ಹಳೆಯದನ್ನು ತಣ್ಣಗಿನ ಮೈಯಲ್ಲಿ ಹೊಡೆದು, ಹೊಸದನ್ನು ಮೈ ಕಾದ ಮೇಲೆ ಹೊಡೆದರೆ ಹೊಸದೇ ಗೆಲ್ಲುತ್ತದೆ, ಅದು ಕ್ಲಬ್ಬಿನ ಗುಣವಲ್ಲ. ಅಭ್ಯಾಸದ ಅಂಗಳದ ಸವೆದ ಚೆಂಡು ನಿಜವಾದ ಚೆಂಡಿನಂತೆ ಹಾರುವುದಿಲ್ಲ. ಊರಿನ ಎತ್ತರವನ್ನೂ ಮರೆಯಬಾರದು. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನ ಗಾಳಿ ಸಮುದ್ರ ಮಟ್ಟದ ಗಾಳಿಗಿಂತ ಶೇ. 8-9ರಷ್ಟು ತೆಳು. ಅಲ್ಲಿ ಅಳೆದ ದೂರ ಮಂಗಳೂರಿನಲ್ಲಿ ಕೆಲವು ಮೀಟರ್ ಕುಗ್ಗುತ್ತದೆ.

ಈ ವಿಷಯ ನನ್ನ ಮನಸ್ಸಿಗೆ ತಾಗಿರುವುದು ಮಕ್ಕಳ ಕಾರಣಕ್ಕೆ. ದೊಡ್ಡವರ ಹಳೆಯ ಕ್ಲಬ್ಬನ್ನೇ ಮಕ್ಕಳ ಕೈಗೆ ಕೊಟ್ಟು, ಚೆಂಡು ಪಕ್ಕಕ್ಕೆ ಹೋದಾಗ ಮಗುವಿನ ಬೀಸನ್ನು ತಿದ್ದಲು ಹೊರಡುತ್ತೇವೆ. ಭಾರದ ಬ್ಯಾಟು ಕೊಟ್ಟು "ಆಡೋಕೆ ಬರಲ್ಲ" ಅನ್ನುವುದೂ ಇದೇ. ಕೋಲಿಗೆ ಮೈ ಬಗ್ಗಿಸುವುದನ್ನು ಕಲಿತ ಮಗುವಿಗೆ ಆ ಬಗ್ಗು ಬಹಳ ಕಾಲ ಉಳಿಯುತ್ತದೆ. ತೋಟದಲ್ಲಿ ಆ ಹಿರಿಯರು ಹುಡುಗನ ಕೈಯನ್ನು ಬೈಯಲಿಲ್ಲ, ತುದಿ ಎಷ್ಟು ತೂಗುತ್ತಿದೆ ಎಂದು ನೋಡಿದರು. ಅದೂ ಒಂದು ಅಳತೆಯೇ.

ಕ್ಲಬ್ ಕೊಳ್ಳಲು ಹೋಗುವವರಿಗೆ ನನ್ನ ಕೋರಿಕೆ ಇಷ್ಟೇ. ನಿಮ್ಮ ಹಳೆಯ ಕ್ಲಬ್ ಜೊತೆಯಲ್ಲಿ ಒಯ್ಯಿರಿ, ಹೊಸದರ ಜೊತೆ ಅದನ್ನೂ ಅದೇ ಯಂತ್ರದ ಮುಂದೆ ಹೊಡೆಯಿರಿ. ಮಗುವಿಗೆ ಕೊಳ್ಳುವುದಾದರೆ ಮಗುವಿನ ಕೈಯಲ್ಲೇ ಹೊಡೆಸಿರಿ. ಎಲ್ಲ ಹೊಡೆತಗಳ ಪಟ್ಟಿ ಕೇಳಿ ಪಡೆಯಿರಿ, ತಪ್ಪಿದ ಹೊಡೆತಗಳನ್ನು ಅಳಿಸಲು ಬಿಡಬೇಡಿ.