ಹಂದಿಯ ಹೃದಯ, ಮಾನವನ ಬದುಕು

ಪ್ರತಿ ವರ್ಷ ಜನವರಿ 17ರಂದು ಧರ್ಮಸಭೆಯು ಮಠಾಧಿಪತಿ ಸಂತ ಅಂತೋಣಿಯವರ ಹಬ್ಬವನ್ನು ಆಚರಿಸುತ್ತದೆ. ಬಾಲಯೇಸುವನ್ನು ಎತ್ತಿಕೊಂಡು ನಿಂತ ಪದುವಾದ ಸಂತ ಅಂತೋಣಿಯವರು ನಮಗೆಲ್ಲ ಚಿರಪರಿಚಿತರು. ಇವರು ಅವರಲ್ಲ. ಮೂರು ಮತ್ತು ನಾಲ್ಕನೆಯ ಶತಮಾನಗಳಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸನ್ನಾಚರಿಸಿ, ಸನ್ಯಾಸಿಗಳ ಪಿತಾಮಹರೆಂದು ಹೆಸರಾದ ಸಂತರಿವರು. ಯೂರೋಪಿನ ದೇವಾಲಯಗಳಲ್ಲಿ ಇವರ ಪ್ರತಿಮೆಯ ಪಾದದ ಬಳಿ ಒಂದು ಹಂದಿ ನಿಂತಿರುವುದನ್ನು ಕಾಣಬಹುದು. ಸಂತರ ಸನ್ನಿಧಿಯಲ್ಲಿ ಹಂದಿಗೇನು ಕೆಲಸ ಎಂದು ಯಾರಾದರೂ ಕೇಳಿಯಾರು. ಇದಕ್ಕೆ ಉತ್ತರ ವೈದ್ಯಕೀಯದ ಚರಿತ್ರೆಯಲ್ಲಿದೆ.

ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಈ ಸಂತರ ಹೆಸರಿನ ಸೇವಾಸಂಘವೊಂದು ಹುಟ್ಟಿಕೊಂಡಿತು. ಆಗ ಬಡವರನ್ನು ಭೀಕರ ರೋಗವೊಂದು ಕಾಡುತ್ತಿತ್ತು. ಕೈಕಾಲುಗಳು ಬೆಂಕಿಯಲ್ಲಿ ಬೆಂದಂತೆ ಉರಿದು, ಕಪ್ಪಾಗಿ, ಕಳಚಿ ಬೀಳುತ್ತಿದ್ದವು. ಜನ ಅದನ್ನು ಸಂತ ಅಂತೋಣಿಯ ಬೆಂಕಿ ಎಂದು ಕರೆದರು. ಬೂಷ್ಟು ಹಿಡಿದ ರೈ ಧಾನ್ಯದ ರೊಟ್ಟಿಯೇ ಅದರ ಮೂಲವೆಂಬುದು ತಿಳಿದದ್ದು ಎಷ್ಟೋ ಶತಮಾನಗಳ ಬಳಿಕ. ಸಂಘದ ಸಹೋದರರು ರೋಗಿಗಳಿಗೆ ಒಳ್ಳೆಯ ಆಹಾರವಿತ್ತು, ಹಂದಿಯ ಕೊಬ್ಬಿನಿಂದ ತಯಾರಿಸಿದ ಮುಲಾಮನ್ನು ಹುಣ್ಣುಗಳಿಗೆ ಹಚ್ಚಿ ಶುಶ್ರೂಷೆ ಮಾಡಿದರು. ಅವರ ಹಂದಿಗಳು ಕೊರಳಲ್ಲಿ ಗಂಟೆ ಕಟ್ಟಿಕೊಂಡು ಪೇಟೆಯ ಬೀದಿಗಳಲ್ಲಿ ನಿರಾತಂಕವಾಗಿ ಮೇಯಬಹುದಾಗಿತ್ತು. ಅವು ಆಸ್ಪತ್ರೆಯ ಸೊತ್ತು ಎಂದು ಊರವರು ಅವುಗಳಿಗೆ ಅನ್ನ ಹಾಕುತ್ತಿದ್ದರು.

ಇಂದು ಅದೇ ಪ್ರಾಣಿ ಮುಲಾಮನ್ನು ದಾಟಿ ಮನುಷ್ಯನ ಎದೆಗೂಡಿನೊಳಕ್ಕೇ ಬಂದಿದೆ. ಹಂದಿಯ ಹೃದಯವನ್ನೂ ಮೂತ್ರಪಿಂಡವನ್ನೂ ಮನುಷ್ಯನಿಗೆ ಜೋಡಿಸುವ ಪ್ರಯತ್ನಗಳು ನಡೆದಿವೆ. ಇದು ಸರಿಯೇ? ದೇವರ ಸೃಷ್ಟಿಯಲ್ಲಿ ಕೈಯಾಡಿಸಿದಂತಾಗುವುದಿಲ್ಲವೇ? ಹಂದಿಯ ರೋಗಗಳು ನಮಗೆ ಅಂಟಲಾರವೇ? ಕಥೋಲಿಕ ಕುಟುಂಬಗಳು ವಿಚಾರ ಮಾಡಲೇಬೇಕಾದ ಪ್ರಶ್ನೆಗಳಿವು.

ಔಷಧದಂಗಡಿಯ ಹಳೆಯ ಋಣ

ಹಂದಿಯ ಉಪಕಾರ ಇಂದು ನಿನ್ನೆಯದಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಸಕ್ಕರೆ ಕಾಯಿಲೆಯ ಬಾಲಕನೊಬ್ಬನಿಗೆ ಮೊತ್ತಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅದಕ್ಕೆ ಹಿಂದೆ ಮಗುವಿಗೆ ಆ ಕಾಯಿಲೆ ಬಂದಿತೆಂದರೆ ಮರಣಶಾಸನವೇ ಆಗಿತ್ತು. ಮುಂದಿನ ಅರುವತ್ತು ವರ್ಷಗಳ ಕಾಲ ಲೋಕದ ರೋಗಿಗಳೆಲ್ಲ ಅವಲಂಬಿಸಿದ್ದು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನನ್ನೇ. ಮನುಷ್ಯನ ಇನ್ಸುಲಿನ್ 51 ಅಮೈನೋ ಆಮ್ಲಗಳ ಸರಪಣಿ. ಹಂದಿಯದು ಅದಕ್ಕಿಂತ ಭಿನ್ನವಾಗಿರುವುದು ಒಂದೇ ಒಂದು ಕೊಂಡಿಯಲ್ಲಿ! 1982ರಲ್ಲಿ ಸೂಕ್ಷ್ಮಜೀವಿಗಳ ಮೂಲಕ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದ ಬಳಿಕವೇ ಈ ಅವಲಂಬನೆ ಕ್ರಮೇಣ ಕಡಿಮೆಯಾಯಿತು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧವನ್ನು ಇಂದಿಗೂ ಮುಖ್ಯವಾಗಿ ಹಂದಿಯ ಕರುಳಿನ ಒಳಪೊರೆಯಿಂದಲೇ ತೆಗೆಯುತ್ತಾರೆ. ಡಯಾಲಿಸಿಸ್ ಯಂತ್ರಕ್ಕಾಗಲಿ, ತೆರೆದ ಹೃದಯದ ಶಸ್ತ್ರಚಿಕಿತ್ಸೆಗಾಗಲಿ ಇದು ಅನಿವಾರ್ಯ. ಹಂದಿಯ ರೋಗಕ್ಕೂ ಮನುಷ್ಯನ ಆರೋಗ್ಯಕ್ಕೂ ಇರುವ ನಂಟನ್ನು ಇದೇ ಔಷಧ ಲೋಕಕ್ಕೆ ತೋರಿಸಿಕೊಟ್ಟಿತು. 2006 ಮತ್ತು 2007ರಲ್ಲಿ ಚೀನಾದಲ್ಲಿ ನೀಲಿ ಕಿವಿ ರೋಗವೆಂಬ ಸೋಂಕು ಹಬ್ಬಿ ಅಸಂಖ್ಯ ಹಂದಿಗಳು ಸತ್ತವು. ಕಚ್ಚಾ ಸಾಮಗ್ರಿ ದುರ್ಲಭವಾಯಿತು. ಅದರ ಬೆನ್ನಿಗೇ ಅಗ್ಗದ ರಾಸಾಯನಿಕ ಬೆರೆಸಿದ ಹೆಪಾರಿನ್ ಹೊರದೇಶಗಳಿಗೆ ಸಾಗಿ, 2008ರಲ್ಲಿ ಅಮೆರಿಕದಲ್ಲಿ ರೋಗಿಗಳ ಸಾವುಗಳು ವರದಿಯಾದವು.

ಹೃದಯದ ಕವಾಟದ ಕತೆಯೂ ಹಾಗೆಯೇ. ಫ್ರಾನ್ಸಿನ ಶಸ್ತ್ರವೈದ್ಯ ಅಲೈನ್ ಕಾರ್ಪೆಂಟಿಯೇ ಅವರು 1960ರ ದಶಕದಲ್ಲಿ ಹಂದಿಯ ಕವಾಟವನ್ನು ಗ್ಲುಟರಾಲ್ಡಿಹೈಡ್ ದ್ರಾವಣದಲ್ಲಿ ಹದಗೊಳಿಸಿ ಮನುಷ್ಯನಿಗೆ ಅಳವಡಿಸುವ ವಿಧಾನವನ್ನು ರೂಪಿಸಿದರು. ಲೋಹದ ಕವಾಟ ಹಾಕಿಸಿಕೊಂಡವರು ಜೀವನಪರ್ಯಂತ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸಬೇಕು. ಹಂದಿಯ ಕವಾಟಕ್ಕೆ ಸಾಮಾನ್ಯವಾಗಿ ಆ ನಿರ್ಬಂಧವಿಲ್ಲ. ಆದರೆ ಹತ್ತು ಹದಿನೈದು ವರ್ಷಗಳಲ್ಲಿ ಅದು ಸವೆಯಬಹುದು. ಆದುದರಿಂದಲೇ ರೋಗಿಯ ವಯಸ್ಸನ್ನು ನೋಡಿ ವೈದ್ಯರು ಸಲಹೆ ನೀಡುತ್ತಾರೆ.

ಗುವಾಹಟಿಯಿಂದ ಬಾಲ್ಟಿಮೋರಿಗೆ

ಕವಾಟವು ಹದಗೊಳಿಸಿದ, ನಿರ್ಜೀವ ಅಂಗಾಂಶ. ಮಿಡಿಯುವ ಹೃದಯವನ್ನೇ ಕೂರಿಸುವುದು ಬೇರೆಯೇ ಮಾತು. ನಮ್ಮ ದೇಶದಲ್ಲೇ ಅಂಥ ಸಾಹಸವೊಂದು ನಡೆದಿತ್ತೆಂಬುದು ಅನೇಕರಿಗೆ ಮರೆತುಹೋಗಿದೆ. 1997ರ ಜನವರಿಯಲ್ಲಿ ಅಸ್ಸಾಮಿನ ಡಾ. ಧನಿರಾಮ್ ಬರುವಾ ಅವರು ಗುವಾಹಟಿಯ ಸಮೀಪದ ಸೋನಾಪುರದಲ್ಲಿ 32 ವರ್ಷದ ರೋಗಿಯೊಬ್ಬನಿಗೆ ಹಂದಿಯ ಹೃದಯವನ್ನು ಜೋಡಿಸಿದರು. ಏಳು ದಿನಗಳಲ್ಲಿ ರೋಗಿ ಮೃತನಾದ. 1994ರ ಅಂಗಾಂಗ ಕಸಿ ಕಾಯಿದೆಯಡಿ ಬರುವಾ ಅವರ ಬಂಧನವಾಗಿ, ಅವರು 40 ದಿನ ಸೆರೆಮನೆಯಲ್ಲಿದ್ದರು.

ಹಂದಿಯನ್ನೇ ಆರಿಸುವುದೇಕೆ? ಅದರ ಅಂಗಗಳ ಗಾತ್ರ ಮನುಷ್ಯನ ಅಂಗಗಳಿಗೆ ಸರಿಹೊಂದುತ್ತದೆ. ಗರ್ಭದ ಅವಧಿ ಮೂರು ತಿಂಗಳು, ಮೂರು ವಾರ, ಮೂರು ದಿನ. ಒಂದೇ ಸೂಲಿಗೆ ಹತ್ತಾರು ಮರಿಗಳು. ಆದರೆ ಅಡ್ಡಿಯೂ ದೊಡ್ಡದು. ಹಂದಿಯ ಜೀವಕೋಶಗಳ ಮೇಲ್ಮೈಯಲ್ಲಿ ಮನುಷ್ಯರಲ್ಲಿಲ್ಲದ ಒಂದು ಬಗೆಯ ಸಕ್ಕರೆಯ ಅಂಶವಿದೆ. ನಮ್ಮ ದೇಹ ಅದನ್ನು ಶತ್ರುವೆಂದು ಗುರುತಿಸಿ ನಿಮಿಷಗಳಲ್ಲಿ ಆ ಅಂಗವನ್ನು ನಾಶಮಾಡುತ್ತದೆ. ವಂಶವಾಹಿಗಳನ್ನು ತಿದ್ದುವ ವಿದ್ಯೆ ಕೈಗೂಡುವ ತನಕ ಈ ಗೋಡೆ ಕದಲಲಿಲ್ಲ.

2022ರ ಜನವರಿ 7ರಂದು ಅಮೆರಿಕದ ಬಾಲ್ಟಿಮೋರಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ಬಾರ್ಟ್ಲಿ ಗ್ರಿಫಿತ್ ಮತ್ತು ಕರಾಚಿ ಮೂಲದ ಡಾ. ಮುಹಮ್ಮದ್ ಮೊಹಿಯುದ್ದೀನ್ ಅವರ ತಂಡವು 57 ವರ್ಷದ ಡೇವಿಡ್ ಬೆನೆಟ್ ಅವರಿಗೆ ಹಂದಿಯ ಹೃದಯವನ್ನು ಜೋಡಿಸಿತು. ಆ ಹಂದಿಯ ವಂಶವಾಹಿಗಳಲ್ಲಿ ಹತ್ತು ತಿದ್ದುಪಡಿಗಳಾಗಿದ್ದವು. ನಾಲ್ಕನ್ನು ನಿಷ್ಕ್ರಿಯಗೊಳಿಸಿ, ಮನುಷ್ಯನ ಆರನ್ನು ಸೇರಿಸಲಾಗಿತ್ತು. ಮಾನವ ಹೃದಯದ ಕಸಿಗೆ ಅನರ್ಹರೆಂದು ನಿರ್ಧರಿಸಲ್ಪಟ್ಟಿದ್ದ ಬೆನೆಟ್ ಎರಡು ತಿಂಗಳು ಬದುಕಿದರು.

ಬಳಿಕ ಗಮನ ಮೂತ್ರಪಿಂಡದತ್ತ ಹೊರಳಿತು. 2024ರ ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ರಿಚರ್ಡ್ ಸ್ಲೇಮನ್ ಅವರಿಗೆ 69 ತಿದ್ದುಪಡಿಗಳುಳ್ಳ ಹಂದಿಯ ಮೂತ್ರಪಿಂಡ ದೊರೆಯಿತು. ಅವರು ಎರಡು ತಿಂಗಳೊಳಗೆ ತೀರಿಕೊಂಡರಾದರೂ ಕಸಿಯೇ ಕಾರಣವೆಂಬ ಸೂಚನೆಯಿಲ್ಲವೆಂದು ಆಸ್ಪತ್ರೆ ತಿಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಟೊವಾನಾ ಲೂನಿ ಎಂಬ ಮಹಿಳೆಗೆ ಜೋಡಿಸಿದ ಮೂತ್ರಪಿಂಡ 130 ದಿನ ಕೆಲಸ ಮಾಡಿತು. 2025ರ ಜನವರಿಯಲ್ಲಿ ಟಿಮ್ ಆಂಡ್ರ್ಯೂಸ್ ಅವರಿಗೆ ಜೋಡಿಸಿದ್ದು 271 ದಿನ ಬಾಳಿತು. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಕ್ರಮಬದ್ಧ ಪ್ರಯೋಗಗಳಿಗೆ ಅನುಮತಿ ನೀಡಿತು.

ಅಡಗಿ ಕುಳಿತ ವೈರಾಣು

ಬೆನೆಟ್ ಅವರ ದೇಹದಲ್ಲಿ ವೈದ್ಯರು ನಿರೀಕ್ಷಿಸದ ಅತಿಥಿಯೊಂದು ಕಂಡುಬಂದಿತು. ಅದೇ ಹಂದಿಯ ಸೈಟೋಮೆಗಾಲೊ ವೈರಾಣು. ಹಂದಿಯನ್ನು ಮೊದಲೇ ಪರೀಕ್ಷಿಸಲಾಗಿತ್ತು. ಆದರೆ ಅಂಗಾಂಶದೊಳಗೆ ಸುಪ್ತವಾಗಿ ಅಡಗುವ ಸ್ವಭಾವದ ಈ ವೈರಾಣು ಆ ಪರೀಕ್ಷೆಗಳಿಗೆ ಸಿಕ್ಕಿರಲಿಲ್ಲ. ಇದಿರುವ ಹಂದಿಯ ಹೃದಯ ಜೋಡಿಸಿದ ಬಬೂನ್ ಕೋತಿಗಳು ಬೇಗ ಸಾಯುತ್ತವೆಂದು ಜರ್ಮನಿಯ ವಿಜ್ಞಾನಿಗಳು 2020ರಲ್ಲೇ ತೋರಿಸಿದ್ದರು. ಬೆನೆಟ್ ಅವರ ಸಾವಿಗೆ ಇದೊಂದೇ ಕಾರಣವೆನ್ನಲಾಗದಿದ್ದರೂ, ಪಶುವೈದ್ಯನ ಜ್ಞಾನವಿಲ್ಲದೆ ಈ ದಾರಿಯಲ್ಲಿ ಶಸ್ತ್ರವೈದ್ಯನು ಮುನ್ನಡೆಯಲಾರನೆಂಬುದು ಸ್ಪಷ್ಟವಾಯಿತು. ಹಂದಿಯ ವಂಶವಾಹಿಗಳಲ್ಲೇ ಬೆರೆತಿರುವ ಮತ್ತೊಂದು ಜಾತಿಯ ವೈರಾಣುಗಳು ಪ್ರಯೋಗಾಲಯದಲ್ಲಿ ಮಾನವ ಜೀವಕೋಶಗಳಿಗೆ ತಗಲಬಲ್ಲವೆಂದು 1997ರಲ್ಲೇ ತಿಳಿದಿತ್ತು. ಸ್ಲೇಮನ್ ಅವರಿಗಿತ್ತ ಮೂತ್ರಪಿಂಡದ 69 ತಿದ್ದುಪಡಿಗಳಲ್ಲಿ 59 ಇವನ್ನು ನಿಷ್ಕ್ರಿಯಗೊಳಿಸಲೆಂದೇ ಆದವು.

ಹಂದಿಯ ರೋಗವನ್ನು ತಪ್ಪಾಗಿ ತಿಳಿದರೆ ಆಗುವ ಅನಾಹುತಕ್ಕೆ ಮಲೇಷ್ಯಾ ಸಾಕ್ಷಿ. 1998ರಲ್ಲಿ ಅಲ್ಲಿ ಹಂದಿ ಸಾಕುವವರು ಮೆದುಳುಜ್ವರದಿಂದ ಸಾಯತೊಡಗಿದಾಗ ಅದು ಸೊಳ್ಳೆಗಳಿಂದ ಹರಡುವ ಜಪಾನೀ ಮೆದುಳುಜ್ವರವೆಂದೇ ಬಗೆದು ಲಸಿಕೆ ಹಾಕಿ, ಔಷಧ ಸಿಂಪಡಿಸಿದರು. ಸಾವು ನಿಲ್ಲಲಿಲ್ಲ. 1999ರ ಮಾರ್ಚಿನಲ್ಲಿ ಡಾ. ಚುವಾ ಕಾ ಬಿಂಗ್ ಅವರು ಹೊಸ ವೈರಾಣುವನ್ನು ಬೇರ್ಪಡಿಸಿದರು. ಅದೇ ನಿಪಾ. ಹಣ್ಣಿನ ತೋಟದ ಬಾವಲಿಗಳಿಂದ ಹಂದಿಗೂ, ಹಂದಿಯಿಂದ ಮನುಷ್ಯನಿಗೂ ಅದು ದಾಟಿತ್ತು. 265 ಮಂದಿ ರೋಗಿಗಳಲ್ಲಿ 105 ಮಂದಿ ಮೃತರಾದರು. ಹತ್ತು ಲಕ್ಷಕ್ಕೂ ಹೆಚ್ಚು ಹಂದಿಗಳನ್ನು ಕೊಲ್ಲಲಾಯಿತು. 2018ರಲ್ಲಿ ನಮ್ಮ ನೆರೆಯ ಕೇರಳದಲ್ಲಿ ಕಾಣಿಸಿಕೊಂಡ ನಿಪಾಕ್ಕಾದರೋ ಹಂದಿಗಳ ಸಂಬಂಧವಿರಲಿಲ್ಲ.

ಅಜ್ಞಾನದಿಂದ ನಿರಪರಾಧಿಗಳಿಗೆ ಶಿಕ್ಷೆಯಾಗುವುದೂ ಉಂಟು. 2009ರಲ್ಲಿ ಹಂದಿಜ್ವರವೆಂಬ ಹೆಸರಿನ ಫ್ಲೂ ಲೋಕವನ್ನು ಕಾಡಿದಾಗ ಅದು ಮನುಷ್ಯನಿಂದ ಮನುಷ್ಯನಿಗೆ ಹರಡುತ್ತಿತ್ತು. ಆದರೂ ಈಜಿಪ್ಟ್ ಸರಕಾರ ಸುಮಾರು 3 ಲಕ್ಷ ಹಂದಿಗಳನ್ನು ಕೊಲ್ಲಿಸಿತು. ಅವುಗಳಲ್ಲಿ ಹೆಚ್ಚಿನವು ಕೈರೋದ ಕಸ ಹೆಕ್ಕಿ ಬದುಕುವ ಬಡ ಕಾಪ್ಟಿಕ್ ಕ್ರೈಸ್ತರವು. ಅವರ ಜೀವನೋಪಾಯ ಹೋಯಿತು. ಹಂದಿಗಳು ತಿನ್ನುತ್ತಿದ್ದ ಕಸ ಬೀದಿಗಳಲ್ಲಿ ರಾಶಿ ಬಿದ್ದು ಕೊಳೆಯಿತು. 2020ರಲ್ಲಿ ಅಸ್ಸಾಮಿಗೆ, 2022ರಲ್ಲಿ ಕೊಡಗಿನ ಪಕ್ಕದ ವಯನಾಡಿಗೆ ಬಂದ ಆಫ್ರಿಕನ್ ಹಂದಿಜ್ವರ ಮನುಷ್ಯರಿಗೆ ತಗಲುವುದೇ ಇಲ್ಲ. ಆದರೆ ಸಾಕಣೆದಾರನ ಕೊಟ್ಟಿಗೆಯನ್ನು ಅದು ಬರಿದು ಮಾಡುತ್ತದೆ.

ನಮ್ಮ ಮನೆಗಳಲ್ಲಿ ಮದುವೆ, ಹಬ್ಬಗಳಿಗೆ ಹಂದಿಮಾಂಸದ ಅಡಿಗೆ ಇರುವುದರಿಂದ ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮೂರ್ಛೆರೋಗಕ್ಕೆ ಕಾರಣವಾಗುವ ಮೆದುಳಿನ ಹುಳುಗುಳ್ಳೆ ಹಂದಿಮಾಂಸ ತಿನ್ನುವವರಿಗಷ್ಟೇ ಬರುತ್ತದೆಂಬ ನಂಬಿಕೆಯಿದೆ. ಅದು ಸರಿಯಲ್ಲ. ಸರಿಯಾಗಿ ಬೇಯದ ರೋಗಗ್ರಸ್ತ ಮಾಂಸದಿಂದ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮನುಷ್ಯನ ಮಲದ ಮೂಲಕ ನೀರು, ತರಕಾರಿ, ತೊಳೆಯದ ಕೈಗಳನ್ನು ಸೇರಿ ಇನ್ನೊಬ್ಬರ ಹೊಟ್ಟೆಗೆ ಹೋದಾಗ ಮೆದುಳಿಗೆ ಅಪಾಯ. ಆದುದರಿಂದ ಅಪ್ಪಟ ಸಸ್ಯಾಹಾರಿಗೂ ಇದು ಬರಬಹುದು. ಮಾಂಸವನ್ನು ಚೆನ್ನಾಗಿ ಬೇಯಿಸುವುದು, ಶೌಚಾಲಯ ಬಳಸುವುದು, ಊಟಕ್ಕೆ ಮೊದಲು ಕೈ ತೊಳೆಯುವುದು, ಇವೇ ಪರಿಹಾರ.

ಧರ್ಮಸಭೆಯ ನಿಲುವು

ಯಾವ ಆಹಾರವೂ ಮನುಷ್ಯನನ್ನು ಅಶುದ್ಧಗೊಳಿಸದೆಂದು ಪ್ರಭು ಯೇಸು ಬೋಧಿಸಿದ್ದನ್ನು ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಓದುತ್ತೇವೆ. ಆದುದರಿಂದ ಹಂದಿಯ ಕವಾಟವನ್ನೋ ಔಷಧವನ್ನೋ ಸ್ವೀಕರಿಸಲು ಕಥೋಲಿಕನು ಅಳುಕಬೇಕಾಗಿಲ್ಲ. ಪ್ರಾಣರಕ್ಷಣೆಯ ಸಂದರ್ಭದಲ್ಲಿ ಇದು ಸಲ್ಲುತ್ತದೆಂದು ಯೆಹೂದ್ಯ ಮತ್ತು ಮುಸ್ಲಿಂ ವಿದ್ವಾಂಸರಲ್ಲಿಯೂ ಅನೇಕರು ಅಭಿಪ್ರಾಯಪಟ್ಟಿದ್ದಾರೆ.

ಪ್ರಾಣಿಯ ಅಂಗದ ಕಸಿಯ ವಿಷಯದಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು 1956ರಷ್ಟು ಹಿಂದೆಯೇ ಮಾರ್ಗದರ್ಶನ ನೀಡಿದ್ದರು. ತಾತ್ವಿಕವಾಗಿ ಅದೆಲ್ಲವೂ ಪಾಪವೆನ್ನಲಾಗದು, ಯಾವ ಅಂಗ ಎಂಬುದನ್ನು ನೋಡಬೇಕು ಎಂಬುದು ಅವರ ನಿಲುವು. 2000ದ ಆಗಸ್ಟ್ 29ರಂದು ರೋಮಿನಲ್ಲಿ ಕಸಿವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನವನ್ನುದ್ದೇಶಿಸಿ ಮಾತನಾಡಿದ ಜಗದ್ಗುರು ಎರಡನೆಯ ಜಾನ್ ಪೌಲ್ ಅವರು ಎರಡು ಷರತ್ತುಗಳನ್ನು ಮುಂದಿಟ್ಟರು. ಕಸಿಯಿಂದ ಅಂಗ ಪಡೆದವನ ಮಾನಸಿಕ ಅಥವಾ ಆನುವಂಶಿಕ ವ್ಯಕ್ತಿತ್ವಕ್ಕೆ ಧಕ್ಕೆಯಾಗಬಾರದು. ಯಶಸ್ಸಿನ ಸಾಧ್ಯತೆ ಸಿದ್ಧವಾಗಿದ್ದು, ಮಿತಿಮೀರಿದ ಅಪಾಯಕ್ಕೆ ರೋಗಿಯನ್ನು ಒಡ್ಡಬಾರದು. ಮರುವರ್ಷ ವ್ಯಾಟಿಕನ್ನಿನ ಜೀವಪರ ಅಕಾಡೆಮಿಯು ಈ ಕುರಿತು ವಿಸ್ತಾರವಾದ ದಸ್ತಾವೇಜನ್ನೇ ಪ್ರಕಟಿಸಿತು. ಮೆದುಳು ಮತ್ತು ಸಂತಾನಾಂಗಗಳ ಕಸಿ ಸಲ್ಲದು, ರೋಗಿಯು ಎಲ್ಲವನ್ನೂ ತಿಳಿದು ಒಪ್ಪಿಗೆ ಕೊಟ್ಟಿರಬೇಕು, ಸೋಂಕು ಸಮಾಜಕ್ಕೆ ಹರಡದಂತೆ ದೀರ್ಘಕಾಲ ನಿಗಾ ಇಡಬೇಕು ಎಂಬುದು ಅದರ ತಿರುಳು.

ಇದರಲ್ಲಿ ಪ್ರಾಣಿಯ ಪಕ್ಷವನ್ನೂ ಧರ್ಮಸಭೆ ಮರೆತಿಲ್ಲ. ಮನುಷ್ಯರ ಪ್ರಾಣ ಉಳಿಸಲು ನೆರವಾಗುವ, ವಿವೇಕದ ಮಿತಿಯೊಳಗಿನ ಪ್ರಯೋಗಗಳನ್ನು ಕಥೋಲಿಕ ಧರ್ಮೋಪದೇಶ ಗ್ರಂಥದ 2417ನೆಯ ಪರಿಚ್ಛೇದ ಒಪ್ಪುತ್ತದೆ. ಅದರ ಮುಂದಿನ ಪರಿಚ್ಛೇದವೇ, ಪ್ರಾಣಿಗಳನ್ನು ವೃಥಾ ನರಳಿಸುವುದೂ ಕೊಲ್ಲುವುದೂ ಮನುಷ್ಯನ ಘನತೆಗೆ ತಕ್ಕದ್ದಲ್ಲವೆಂದು ಎಚ್ಚರಿಸುತ್ತದೆ. ಹಂದಿ ಬುದ್ಧಿಯುಳ್ಳ, ನೋವನ್ನೂ ಭಯವನ್ನೂ ಅರಿಯುವ ಜೀವಿ. ಬೇರೆ ಮಾರ್ಗವಿರುವಲ್ಲಿ ಪ್ರಾಣಿಯನ್ನು ಬಳಸದಿರುವುದು, ಬಳಸಲೇಬೇಕಾದಲ್ಲಿ ಸಂಖ್ಯೆಯನ್ನು ತಗ್ಗಿಸುವುದು, ನೋವನ್ನು ಕಡಿಮೆ ಮಾಡುವುದು, 1959ರಿಂದ ವಿಜ್ಞಾನಿಗಳು ಒಪ್ಪಿಕೊಂಡು ಬಂದಿರುವ ಈ ಮೂರು ಸೂತ್ರಗಳು ಕ್ರೈಸ್ತ ಮನಸ್ಸಾಕ್ಷಿಗೂ ಸಮ್ಮತವಾದವುಗಳೇ.

ನಮ್ಮಿಂದಾಗುವ ದಾನ

ಇಷ್ಟೆಲ್ಲ ಪರಿಶ್ರಮದ ಹಿಂದಿರುವುದು ಒಂದೇ ಕೊರತೆ. ಅಂಗಕ್ಕಾಗಿ ಕಾಯುವವರು ಬಹಳ, ಕೊಡುವವರು ವಿರಳ. ಅಮೆರಿಕದಲ್ಲೇ ಒಂದು ಲಕ್ಷಕ್ಕೂ ಮಿಕ್ಕಿ ಜನ ಸರದಿಯಲ್ಲಿದ್ದಾರೆ. ನಮ್ಮ ವಿಶಾಲ ದೇಶದಲ್ಲಿ 2023ರಲ್ಲಿ ಮರಣಾನಂತರ ಅಂಗದಾನ ಮಾಡಿದವರು ಸುಮಾರು 1,100 ಮಂದಿ ಮಾತ್ರ. ಹಂದಿಯ ಮೂತ್ರಪಿಂಡ ನಮ್ಮೂರ ಆಸ್ಪತ್ರೆಗೆ ಬರುವ ದಿನ ಇನ್ನೂ ದೂರವಿದೆ. ಅಷ್ಟರತನಕ ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಯಂತ್ರಕ್ಕೆ ಕೈಯೊಡ್ಡುವ ನಮ್ಮ ಧರ್ಮಕೇಂದ್ರದ ಸಹೋದರ ಸಹೋದರಿಯರ ಗತಿಯೇನು?

ಯೋಗ್ಯ ರೀತಿಯಲ್ಲಿ ಮಾಡಿದ ಅಂಗದಾನವನ್ನು ಎರಡನೆಯ ಜಾನ್ ಪೌಲ್ ಅವರು 1995ರ ತಮ್ಮ ವಿಶ್ವಪತ್ರದಲ್ಲಿ ಪ್ರಶಂಸಿಸಿದ್ದಾರೆ. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಮೂಲಕ ದಾನದ ಸಂಕಲ್ಪವನ್ನು ನೋಂದಾಯಿಸಲು ಅವಕಾಶವಿದೆ. ಆದರೆ ನೋಂದಣಿಯೊಂದೇ ಸಾಲದು. ಆ ಗಳಿಗೆ ಬಂದಾಗ ಒಪ್ಪಿಗೆ ಕೊಡಬೇಕಾದವರು ಮನೆಯವರು. ಆದುದರಿಂದ ಈ ವಾರ ಸಂಜೆಯ ಜಪಸರದ ಬಳಿಕ ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕುಳಿತು ಇದನ್ನು ಮಾತಾಡಿಕೊಳ್ಳುವುದು ಒಳಿತು. ತಿಳಿಯದ ಮೂಕಪ್ರಾಣಿಯಿಂದ ಇಷ್ಟೊಂದನ್ನು ಪಡೆಯುತ್ತಿರುವ ನಾವು, ತಿಳಿದು ಕೊಡಬಲ್ಲ ಮನುಷ್ಯರು. ಕೊಡಲು ಹಿಂಜರಿಯದಿರೋಣ.