ಹೆಸರಿನಲ್ಲಿ ತಪ್ಪಿದ ಒಂದು ಅಕ್ಷರ ಮತ್ತು ನರ್ಸ್ ಮಗಳ ಸೌದಿ ಕೆಲಸ

ಕಳೆದ ತಿಂಗಳು ಒಂದು ದಿನ ಅಸರ್ ನಮಾಝ್ ಮುಗಿಸಿ ಬರುವಾಗ ಮದ್ರಸದ ವರಾಂಡದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವಳ ಉಮ್ಮನ ಜೊತೆ ಕಾಯುತ್ತಾ ಕುಳಿತಿದ್ದಳು. ನಮ್ಮಲ್ಲಿ ಏಳನೇ ತರಗತಿಯವರೆಗೆ ಕಲಿತವಳು. ಈಗ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಳೆ. ಕೈಯಲ್ಲಿ ದಪ್ಪದೊಂದು ಫೈಲು.

"ಉಸ್ತಾದ್, ಸೌದಿಗೆ ಪೇಪರ್ ಹಾಕಿದ್ದೆ. ಹೆಸರು ಸರಿ ಇಲ್ಲ ಅಂತ ಅಲ್ಲೇ ನಿಂತಿದೆ" ಎಂದಳು.

ಫೈಲು ಬಿಡಿಸಿ ನೋಡಿದೆ. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಅವಳ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು 'ಎಚ್' ಉಂಟು, ಪಾಸ್‌ಪೋರ್ಟಿನಲ್ಲಿ ಇಲ್ಲ. ಉಪ್ಪನ ಹೆಸರು ಒಂದರಲ್ಲಿ ಮೊಯ್ದೀನ್, ಇನ್ನೊಂದರಲ್ಲಿ ಮುಹಿಯುದ್ದೀನ್. ಪಾಸ್‌ಪೋರ್ಟ್ ಅರ್ಜಿ ತುಂಬಿಸಿದ್ದು ಯಾರೋ ಟ್ರಾವೆಲ್ಸಿನವರು. ಶಾಲೆಗೆ ಬರೆದುಕೊಟ್ಟದ್ದು ಯಾರು ಎಂದು ಕೇಳಿದೆ. ಉಮ್ಮ ಸ್ವಲ್ಪ ನಕ್ಕು, "ನೀವೇ ಉಸ್ತಾದ್. ಇವಳ ಉಪ್ಪ ಆಗ ದಮ್ಮಾಮಿನಲ್ಲಿ ಇದ್ದರಲ್ಲ" ಎಂದರು. ನನಗೆ ನೆನಪಿಲ್ಲ. ಅಂಥ ಅರ್ಜಿ ಎಷ್ಟು ತುಂಬಿಸಿದ್ದೇನೋ. ಬಾಯಲ್ಲಿ ಬಂದ ಹಾಗೆ ಬರೆದುಬಿಡುತ್ತಿದ್ದೆ.

ಅವತ್ತಿನಿಂದ ಈ ವಿಷಯವನ್ನು ನಾಲ್ಕು ಜನರಲ್ಲಿ ವಿಚಾರಿಸಿ ತಿಳಿದುಕೊಂಡೆ. ನಮ್ಮ ಮನೆಗಳಿಂದ ನರ್ಸಿಂಗಿಗೆ ಹೋಗುವ ಹೆಣ್ಣುಮಕ್ಕಳು ಹೆಚ್ಚುತ್ತಿದ್ದಾರೆ. ಚಿನ್ನ ಅಡವಿಟ್ಟು ಫೀಸು ಕಟ್ಟುವ ಉಮ್ಮಂದಿರಿದ್ದಾರೆ. ಆದರೆ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಏನು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಮೊದಲನೆಯದು, ಪದವಿ ಬಂದ ಮಾತ್ರಕ್ಕೆ ಕಾನೂನಿನ ಲೆಕ್ಕದಲ್ಲಿ ನರ್ಸ್ ಆಗುವುದಿಲ್ಲ. ನಾಲ್ಕು ವರ್ಷದ ಬಿ.ಎಸ್ಸಿ. ಓದಿದವರ ಪರೀಕ್ಷೆಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನಡೆಸುತ್ತದೆ. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾದ ಪರೀಕ್ಷೆಗೆ ಬೇರೆ ಮಂಡಳಿ ಉಂಟು. ಎರಡರಲ್ಲಿ ಯಾವುದು ಪಾಸಾದರೂ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ, ಅಂದರೆ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಬೇಕು. ನರ್ಸ್ ಎಂದೂ ಸೂಲಗಿತ್ತಿ ಎಂದೂ ಎರಡು ನೋಂದಣಿ. ಹೆಸರಿನ ಮುಂದೆ ಆರ್.ಎನ್., ಆರ್.ಎಂ. ಎಂದು ಹಾಕಿಕೊಳ್ಳುವುದು ಇದೇ. ನಮ್ಮ ದೇಶದಲ್ಲಿ ಈ ನೋಂದಣಿಗೆ ಮತ್ತೊಂದು ಪರೀಕ್ಷೆ ಬರೆಯಬೇಕಾಗಿಲ್ಲ. ಹಾಗಿರುವುದರಿಂದಲೇ ಏನೋ, ಅದರ ಬೆಲೆ ನಮಗೆ ಗೊತ್ತಾಗುವುದಿಲ್ಲ. "ಮದುವೆ ಕಳೆಯಲಿ, ಮತ್ತೆ ಮಾಡಿಸುವ" ಎಂದು ಬಿಟ್ಟವರನ್ನು ನಾನೇ ನೋಡಿದ್ದೇನೆ.

ಇದು ಇವತ್ತಿನ ನಿಯಮ ಅಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ 1947ರದ್ದು. ಅದರ ಜಾಗಕ್ಕೆ 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷಾ ಆಯೋಗದ ಹೊಸ ಕಾನೂನು ಮಾಡಿತು. ನಾವು ಮದ್ರಸ ಅಧ್ಯಾಪಕರಿಗೂ ಸರ್ವೀಸ್ ರಿಜಿಸ್ಟರ್ ಉಂಟು, ಪರೀಕ್ಷೆ ಪಾಸಾಗದೆ ತರಗತಿಗೆ ಹೋಗುವ ಹಾಗಿಲ್ಲ. ಇಂಜೆಕ್ಷನ್ ಕೊಡುವವರಿಗೆ ಬೇಡವೇ? ವೈದ್ಯ ಗೊತ್ತಿಲ್ಲದವನು ಚಿಕಿತ್ಸೆ ಮಾಡಿ ರೋಗಿಗೆ ಹಾನಿಯಾದರೆ ಅವನೇ ಹೊಣೆಗಾರ ಎಂಬ ಅರ್ಥದ ಹದೀಸ್ ಅಬೂದಾವೂದ್‌ನಲ್ಲಿ ಇದೆ. ಫಿಕ್‌ಹ್‌ನ ಪಂಡಿತರು ಅದರ ಮೇಲೆ ಬೇಕಾದಷ್ಟು ಚರ್ಚೆ ಮಾಡಿದ್ದಾರೆ.

ನಮ್ಮ ಗಡಿ ಭಾಗದವರು ಇನ್ನೊಂದು ಗಮನಿಸಬೇಕು. ಮಂಗಳೂರಿನಲ್ಲಿ ಓದಿ ಉಪ್ಪಳಕ್ಕೋ ಕಾಸರಗೋಡಿಗೋ ಮದುವೆಯಾಗಿ ಹೋಗುವ ಹುಡುಗಿಯರು ಬಹಳ. ತಲಪಾಡಿ ದಾಟಿದರೆ ಕೌನ್ಸಿಲ್ ಬೇರೆ. ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಕೇರಳದ ಕೌನ್ಸಿಲಿನಲ್ಲಿ ನೋಂದಣಿ ಬೇಕು, ಅದಕ್ಕೆ ಇಲ್ಲಿಂದ ಕಾಗದ ಹೋಗಬೇಕು.

ಇನ್ನು ಗಲ್ಫಿನ ವಿಷಯ. ಅಲ್ಲಿ ಪರೀಕ್ಷೆ ಉಂಟು. ಕಂಪ್ಯೂಟರ್ ಮುಂದೆ ಕುಳಿತು ಸರಿ ಉತ್ತರ ಆರಿಸುವ ಪರೀಕ್ಷೆ, ಪ್ರೊಮೆಟ್ರಿಕ್ ಎಂದರೆ ಎಲ್ಲರಿಗೂ ಗೊತ್ತು. ಸೌದಿಯಲ್ಲಿ ಲೈಸೆನ್ಸ್ ಕೊಡುವುದು ಸೌದಿ ಕಮಿಷನ್ ಫಾರ್ ಹೆಲ್ತ್ ಸ್ಪೆಷಾಲಿಟೀಸ್. ಯುಎಇಯಲ್ಲಿ ದುಬೈಗೆ ಒಂದು, ಅಬುಧಾಬಿಗೆ ಒಂದು, ಶಾರ್ಜಾ ಮೊದಲಾದ ಕಡೆಗೆ ಆರೋಗ್ಯ ಸಚಿವಾಲಯದ್ದೇ ಒಂದು. ಒಂದರ ಲೈಸೆನ್ಸ್ ಇಟ್ಟುಕೊಂಡು ನೇರವಾಗಿ ಇನ್ನೊಂದರಲ್ಲಿ ಕೆಲಸ ಮಾಡಲಾಗುವುದಿಲ್ಲ.

ಪರೀಕ್ಷೆಗೆ ನಮ್ಮ ಮಕ್ಕಳು ಹೆದರುವುದಿಲ್ಲ, ಓದಿ ಪಾಸಾಗುತ್ತಾರೆ. ಸಿಕ್ಕಿಬೀಳುವುದು ಡೇಟಾಫ್ಲೋದಲ್ಲಿ. ಹಾಗೆಂದರೆ ದಾಖಲೆ ಪರಿಶೀಲನೆ ಮಾಡುವ ಕಂಪೆನಿ. ನೀವು ಕೊಟ್ಟ ಜೆರಾಕ್ಸ್ ನೋಡಿ ಅವರು ತೃಪ್ತರಾಗುವುದಿಲ್ಲ. ಪದವಿಯ ಬಗ್ಗೆ ವಿಶ್ವವಿದ್ಯಾಲಯವನ್ನು, ನೋಂದಣಿಯ ಬಗ್ಗೆ ಕೌನ್ಸಿಲನ್ನು, ಅನುಭವದ ಬಗ್ಗೆ ಆಸ್ಪತ್ರೆಯನ್ನು ನೇರವಾಗಿ ವಿಚಾರಿಸುತ್ತಾರೆ: ಈ ಕಾಗದ ಕೊಟ್ಟದ್ದು ನೀವೇನಾ, ತಾರೀಕು ಸರಿಯಾ, ಹೆಸರು ಇದೇನಾ? ಉತ್ತರ ಬಂದ ಮೇಲೆಯೇ ವರದಿ.

ಇಲ್ಲಿಗೆ ಬಂದಾಗ ಹುಡುಗಿ ಇನ್ನೊಂದು ಮಾತು ಹೇಳಿದಳು. ಅವಳಿಗೆ ಬೇಕಾದದ್ದು ಎರಡು ವರ್ಷದ ಅನುಭವ, ಇರುವುದು ಹದಿನಾಲ್ಕು ತಿಂಗಳು. ಏಜೆಂಟ್ ಒಬ್ಬ, "ಉಳಿದದ್ದಕ್ಕೆ ಒಂದು ನರ್ಸಿಂಗ್ ಹೋಮಿನ ಸರ್ಟಿಫಿಕೇಟ್ ನಾನು ಮಾಡಿಸಿ ಕೊಡ್ತೇನೆ, ಎಲ್ಲರೂ ಮಾಡ್ತಾರೆ" ಎಂದಿದ್ದಾನಂತೆ. ಉಮ್ಮನಿಗೆ ಮನಸ್ಸು ಅತ್ತಲೇ ಇತ್ತು. ಸಾಲ ತೀರಬೇಕು, ತಂಗಿಯ ಮದುವೆ ಉಂಟು. ಹುಡುಗಿ ನನ್ನ ಮುಖ ನೋಡಿ, "ಎಂತ ಮಾಡುವುದು ಉಸ್ತಾದ್?" ಎಂದಳು.

ಸುಳ್ಳು ಸಾಕ್ಷಿ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಆ ಉಮ್ಮನ ಕಷ್ಟವೂ ಸುಳ್ಳಲ್ಲವಲ್ಲ. ಹಾಗಾಗಿ ಲೆಕ್ಕವನ್ನೇ ಹೇಳಿದೆ. ಆ ನರ್ಸಿಂಗ್ ಹೋಮಿನವರು ಇವತ್ತು ಸೀಲು ಹಾಕಿ ಕೊಡಬಹುದು. ನಾಳೆ ವಿಚಾರಣೆ ಬಂದಾಗ ಹಾಜರಿ, ಸಂಬಳದ ದಾಖಲೆ ಕೇಳಿದರೆ? ಖೋಟಾ ಎಂದು ಒಮ್ಮೆ ವರದಿಯಾದರೆ ಆ ಲೈಸೆನ್ಸ್ ಸಂಸ್ಥೆಯ ಬಾಗಿಲು ಮುಚ್ಚಿದ ಹಾಗೆಯೇ. ಡೇಟಾಫ್ಲೋವನ್ನೇ ನೆಚ್ಚಿಕೊಂಡಿರುವ ಗಲ್ಫಿನ ಬೇರೆ ದೇಶಗಳಲ್ಲೂ ಅದು ಬೆನ್ನು ಬಿಡುವುದಿಲ್ಲ. ಹತ್ತು ತಿಂಗಳು ಉಳಿಸಲು ಹೋಗಿ ನಾಲ್ಕು ವರ್ಷದ ಓದನ್ನು ಪಣಕ್ಕಿಡಬೇಕಾ ಎಂದು ಕೇಳಿದೆ. ಉಮ್ಮ ಏನೂ ಹೇಳಲಿಲ್ಲ. ಹುಡುಗಿ ಆ ಏಜೆಂಟನ ನಂಬರನ್ನು ಅಲ್ಲೇ ಡಿಲೀಟ್ ಮಾಡಿದಳು.

ಏಜೆಂಟರ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. 2015ರಿಂದ ಸೌದಿ, ಯುಎಇ, ಕುವೈತ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸ್‌ಗಳಿಗೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಮೂಲಕವೇ ಅನುಮತಿ ಆಗಬೇಕು. ನೇಮಕಾತಿಗೆ ಸರ್ಕಾರಿ ಸಂಸ್ಥೆಗಳಿವೆ, ಕೇರಳದ ನೋರ್ಕಾ ರೂಟ್ಸ್ ನಮಗೆ ಕೇಳಿ ಗೊತ್ತಿರುವ ಹೆಸರು. ಈ ನಿಯಮ ಸುಮ್ಮನೆ ಬಂದದ್ದಲ್ಲ. ಅದೇ ವರ್ಷ ಕೇರಳದಲ್ಲಿ ಕುವೈತಿಗೆ ಹೋಗುವ ನರ್ಸ್‌ಗಳಿಂದ 19,500 ರೂಪಾಯಿ ತೆಗೆದುಕೊಳ್ಳಬೇಕಾದ ಕಡೆ ಹತ್ತೊಂಬತ್ತೂವರೆ ಲಕ್ಷ ವಸೂಲಿ ಮಾಡಿದ ಆರೋಪದ ಮೇಲೆ ಸಿಬಿಐ ಕೇಸು ಹಾಕಿತ್ತು. ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿ ಕೆಲಸಕ್ಕೆ ಸೇರಿಸುತ್ತೇವೆ ಎನ್ನುವವರ ಬಗ್ಗೆ ಎರಡು ಸಲ ಯೋಚಿಸಿ.

ಮದುವೆ ಮಾತುಕತೆಗೆ ಕುಳಿತುಕೊಳ್ಳುವ ಹಿರಿಯರಲ್ಲಿ ನನ್ನದೊಂದು ವಿನಂತಿ. ನರ್ಸ್ ಹುಡುಗಿಯನ್ನು ಮಾಡಿಕೊಂಡು, ಕೆಲವು ವರ್ಷ ಮನೆಯಲ್ಲಿ ಕೂರಿಸಿ, ಆಮೇಲೆ ಗಲ್ಫಿಗೆ ಕರೆದುಕೊಂಡು ಹೋಗುವ ಎಂದರೆ ಆ ಖಾಲಿ ವರ್ಷಗಳಿಗೂ ಅಲ್ಲಿ ಉತ್ತರ ಕೊಡಬೇಕಾಗುತ್ತದೆ. ನೋಂದಣಿ ನವೀಕರಣದ ಅವಧಿ ಮೀರಿದರೆ ಅದು ಬೇರೆ ತಲೆಬಿಸಿ. ಕೆಲಸ ಬೇಕೋ ಬೇಡವೋ ಎಂಬುದನ್ನು ನಿಕಾಹ್‌ಗೆ ಮೊದಲೇ ಹುಡುಗಿಯ ಹತ್ತಿರ ಕೇಳಿ.

ಹೆಸರಿನ ಸಮಸ್ಯೆಗೆ ದಾರಿ ಕಂಡಿತು. ಎಸೆಸೆಲ್ಸಿ, ಪಿಯುಸಿ, ಪದವಿ, ಕೌನ್ಸಿಲ್ ಎಲ್ಲದರಲ್ಲೂ ಒಂದೇ ಸ್ಪೆಲ್ಲಿಂಗ್ ಇರುವಾಗ ಅಷ್ಟನ್ನೂ ತಿದ್ದುವ ಬದಲು ಪಾಸ್‌ಪೋರ್ಟ್ ಒಂದನ್ನೇ ತಿದ್ದಿಸುವುದು ಸುಲಭ. ಮೊನ್ನೆ ಕಂಪ್ಯೂಟರ್ ಸೆಂಟರಿಗೆ ಅವರ ಜೊತೆ ನಾನೂ ಹೋಗಿದ್ದೆ. ಅಂಕಪಟ್ಟಿ ಕೈಯಲ್ಲಿ ಹಿಡಿದು ಹುಡುಗಿ ಒಂದೊಂದೇ ಅಕ್ಷರ ಓದಿದಳು, ಸೆಂಟರಿನ ಹುಡುಗ ಟೈಪ್ ಮಾಡಿದ. 'ಎಚ್' ಬಂದಾಗ ಅವಳು ತಿರುಗಿ ನನ್ನನ್ನು ನೋಡಿದಳು. ಮಂಗಳೂರಿನ ಪಾಸ್‌ಪೋರ್ಟ್ ಕೇಂದ್ರದಲ್ಲಿ ಮುಂದಿನ ವಾರಕ್ಕೆ ದಿನ ಸಿಕ್ಕಿದೆ. ಅವಳು ಅಲ್ಲಿಂದಲೇ ನೈಟ್ ಡ್ಯೂಟಿಗೆ ಬಸ್ ಹತ್ತಿದಳು.